ನಲವತ್ತರಲ್ಲಿ ಮೂವತ್ತೊಂಬತ್ತು

ಕ್ಲಿಕ್ — ಮತ್ತೆ ಅದೇ ಸದ್ದು, ಕಿವಿಯ ಹಿಂದೆ ಯಾರೋ ಉಗುರು ಕತ್ತರಿಸಿದ ಹಾಗೆ, ಎಡಗಣ್ಣಿನ ಅಂಚಿನಲ್ಲಿ ಬಿಳಿ ಅಂಗಿ, ಅಂಗಿಯ ಮೇಲೆ ಕೊರಳ ದಾರಕ್ಕೆ ತೂಗುವ, ಕೆಲಸದ ಸೆಕೆಂಡು ಎಣಿಸುವ ಗಡಿಯಾರ, ನೋಡಬಾರದು, ನೋಡಿದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಕೈ ಓಡುತ್ತದೆ, ಪಂಪು ಜೋಡಿಸುವ ಇವನ ಕೈಗೆ ಅದೇ ರೋಗ, ಬೇರೆಯವರಿಗೆ ಸಿಟ್ಟು ಬಂದರೆ ನಾಲಿಗೆ ಓಡುತ್ತದೆ, ಕಾಲು ಓಡುತ್ತದೆ, ಇವನಿಗೆ ಕೈ. ಇವತ್ತು ಓಡಬೇಡ ಅಂತ ಬೆಳಿಗ್ಗೆಯಿಂದ ಆ ಎರಡು ಕೈಗಳಿಗೆ ಬೈದು ಬೈದು ಕರೆತಂದಿದ್ದಾನೆ. ಉರುಳೆಗಳ ಮೇಲೆ ಪಂಪು ಜಾರಿ ಬಂತು, ಹಿಡಿ, ನಿಲ್ಲಿಸು, ರಬ್ಬರ್ ಹಾಳೆಯನ್ನು ಎತ್ತು, ಬೆಳಕಿಗೆ ಹಿಡಿ, ಹರಿದಿದೆಯೇ ನೋಡು — ಹರಿದಿಲ್ಲ ಅಂತ ಬೆರಳಿಗೆ ಆಗಲೇ ಗೊತ್ತು, ಆದರೂ ಹೆಣ್ಣು ನೋಡಲು ಬಂದ ಗಂಡಿನ ದೊಡ್ಡಮ್ಮನ ಹಾಗೆ ತಿರುಗಿಸಿ ತಿರುಗಿಸಿ ನೋಡು — ಮುಚ್ಚಳ ಇಡು, ಒಂದು ಸ್ಕ್ರೂ. ಒಂದೇ. ದಿನವೂ ಎಡಗೈಯ ಬೆರಳ ಸಂದಿಗಳಲ್ಲಿ ನಾಲ್ಕು ಸ್ಕ್ರೂ ಒಟ್ಟಿಗೆ ನಿಲ್ಲುತ್ತವೆ, ಅದು ಅವನೇ ಕಂಡುಹಿಡಿದ ವಿದ್ಯೆ, ಯಾವ ಕಾಲೇಜಿನವನೂ ಕಲಿಸಿದ್ದಲ್ಲ, ಟರ್ ಟರ್ ಟರ್ ಟರ್ ಅಂದರೆ ಮುಗಿಯಿತು, ಇಡೀ ಕೆಲಸಕ್ಕೆ ಇಪ್ಪತ್ತೇಳು ಸೆಕೆಂಡು. ಇವತ್ತು ಒಂದು ಎತ್ತು, ಬಿಗಿ ಮಾಡು, ಡಬ್ಬಿಗೆ ಕೈ ಹಾಕು, ಮತ್ತೊಂದು ಎತ್ತು. ಗಡಿಯಾರ ಎದುರಿಗೆ ಬಂದ್ರೆ ಕೈಗೆ ಜ್ವರ ಬಂದಿರಬೇಕು ಕಣೋ, ಆಮೇಲೆ ಅದು ಆ ಕಡೆ ಹೋದ್ಮೇಲೆ ಏಳಲಿ — ಇದು ಲೈನಿನ ಕೊನೆಯಲ್ಲಿ ಪೆಟ್ಟಿಗೆ ಕಟ್ಟುವ ಮುದುಕ ದೊಡ್ಡಪ್ಪನ ವೇದವಾಕ್ಯ, ಯಾರ ದೊಡ್ಡಪ್ಪನೂ ಅಲ್ಲ, ಎಲ್ಲರ ದೊಡ್ಡಪ್ಪ, ಇಪ್ಪತ್ತಾರು ವರ್ಷ ಗಡಿಯಾರದವರಿಗೆ ಮಂಕುಬೂದಿ ಎರಚಿದವನು. ಹೋದ ವರ್ಷ ಆ ಮಾತು ಕೇಳಿದ್ದರೆ. ಹೋದ ವರ್ಷ ಬಂದಿದ್ದ ಗಡಿಯಾರ ಬೇರೆ, ಆ ದಢೂತಿ ಆಸಾಮಿ ಕಾಗದ ನೋಡಿ ಕೇಳಿದ್ದ, ಓ ಏಳನೇ ಕ್ಲಾಸಾ, ಹಾಗಾದ್ರೆ ಸ್ವಲ್ಪ ಟೈಮ್ ಜಾಸ್ತಿ ಕೊಡಬೇಕೇನೋ — ಅಷ್ಟೇ, ಕೈ ಓಡಿತು, ಹುಚ್ಚು ಕುದುರೆಯ ಹಾಗೆ, ಮೂಗಿನ ಮೇಲೆ ಬೆವರು, ಎದೆಯಲ್ಲಿ ನೋಡ್ಕೋ ನೋಡ್ಕೋ ಅಂತ ಡೋಲು, ಮುಂದಿನ ತಿಂಗಳಿಗೆ ಇಡೀ ಲೈನು ಐವತ್ತು ಸೆಕೆಂಡಿನಿಂದ ನಲವತ್ತಕ್ಕೆ ಇಳಿಯಿತು. ನಲವತ್ತು ಸೆಕೆಂಡಿಗೆ ಒಂದು ಪಂಪು ಹೊರಗೆ ಬೀಳಬೇಕು, ಹನ್ನೊಂದು ಮೇಜು, ಪ್ರತಿ ಮೇಜಿಗೂ ನಲವತ್ತರ ಒಳಗೆ ಮುಗಿಯಬೇಕು, ಯಾರೊಬ್ಬರು ನಲವತ್ತೈದು ತೆಗೆದುಕೊಂಡರೂ ಹನ್ನೊಂದು ಮೇಜೂ ನಲವತ್ತೈದರದ್ದೇ. ಒಂಬತ್ತು ಮೇಜಿನವರು ಮೂರು ದಿನ ಅವನ ಜೊತೆ ಊಟಕ್ಕೆ ಕೂರಲಿಲ್ಲ. ಅಕ್ಕ ಕೂತಳು. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕ ಮುಂದಿನ ಮೇಜು. ಇವನು ಮುಚ್ಚಳ ಬಿಗಿದು ತಳ್ಳಿದ ಪಂಪು ನೇರ ಅವಳ ಮುಂದೆ ನಿಲ್ಲುತ್ತದೆ, ಮೋಟಾರಿನ ಮೂರು ತಂತಿಗಳನ್ನು ತೂತಿನಿಂದ ಹೊರಗೆ ಎಳೆಯಬೇಕು, ತೂತಿಗೆ ಬುಷ್ ಅನ್ನುವ ಕಪ್ಪು ರಬ್ಬರ್ ಬಳೆ ಕೂರಿಸಬೇಕು, ತಂತಿಯ ತುದಿಗಳಿಗೆ ಲೋಹದ ಮೂತಿ ಒತ್ತಿ ಕಟ್ಟಬೇಕು. ತಂತಿ ಸರಿ, ಮೂತಿ ಸರಿ, ಬುಷ್ ಮಾತ್ರ ಪಿಶಾಚಿ, ಕಡಲೆಕಾಳಿಗಿಂತ ತುಸು ದಪ್ಪ, ಹೆಬ್ಬೆರಳಿನಲ್ಲಿ ಒತ್ತಿ ತಿರುಗಿಸಬೇಕು, ಗಟ್ಟಿ ಬೆರಳಿಗೆ ಹತ್ತು ಸೆಕೆಂಡು, ಅಕ್ಕನ ಬೆರಳಿಗೆ ಹದಿನೇಳು. ಎರಡು ವರ್ಷದಿಂದ ಅವಳ ಗೆಣ್ಣುಗಳು ಊದಿವೆ, ಬೆಳಿಗ್ಗೆ ಎದ್ದವಳೇ ಬಿಸಿನೀರಿನ ಬಟ್ಟಲಲ್ಲಿ ಕೈ ಅದ್ದಿಕೊಂಡು ಕೂರುತ್ತಾಳೆ, ಮಗಳು ಕೇಳಿದರೆ ಪಾತ್ರೆ ತೊಳೀತಿದ್ದೀನಿ ಅನ್ನುತ್ತಾಳೆ, ಯಾವ ಪಾತ್ರೆ, ಬಟ್ಟಲಲ್ಲಿ ಪಾತ್ರೆಯೇ ಇಲ್ಲ. ಎರಡು ಮೇಜಿನ ನಡುವೆ ಉರುಳೆಗಳ ಮೇಲೆ ಹಳದಿ ಬಣ್ಣದ ಚೌಕ, ಮೂರು ಪಂಪಿಗಷ್ಟೇ ಜಾಗ, ಮೂರಕ್ಕಿಂತ ಹೆಚ್ಚು ನಿಂತರೆ ದಾಸ್ತಾನು, ದಾಸ್ತಾನು ಅಂದ್ರೆ ಪಾಪ ಅಂತ ಮ್ಯಾನೇಜರು ಕ್ಯಾಂಟೀನಿನಲ್ಲಿ ಪಾಠ ಮಾಡಿದ್ದ. ಅವತ್ತು ಬೋರ್ಡಿನ ಮೇಲೆ ಮೂರು ಪೆಟ್ಟಿಗೆ ಬರೆದ, ನೋಡಿ ಇದು ಒಳಗೆ ಹೋಗೋದು, ಇದು ನಡುವೆ ಬದಲಾಗೋದು, ಇದು ಹೊರಗೆ ಬರೋದು, ಉತ್ಪಾದನೆ ಅಂದ್ರೆ ಇಷ್ಟೇ, ಯಾವ ಕಾರ್ಖಾನೆಗಾದ್ರೂ ಇಷ್ಟೇ. ಸಾರ್ ನಮ್ಮ ಹೊಟ್ಟೆಗೂ ಇಷ್ಟೇ, ಅಂದ ದೊಡ್ಡಪ್ಪ, ಹೊರಗೆ ಬಂದದ್ದಕ್ಕೆ ಗಿರಾಕಿ ಇಲ್ಲ ಅಷ್ಟೇ. ಇಡೀ ಕ್ಯಾಂಟೀನು ನಕ್ಕಿತು, ಮ್ಯಾನೇಜರೂ ನಕ್ಕ, ಆಮೇಲೆ ನಗುತ್ತಲೇ ಒಂದು ಸೀಸೆ ಬರೆದ, ಸೀಸೆ ಎಷ್ಟು ದಪ್ಪಗಿದ್ರೇನು, ನೀರು ಬರೋದು ಕುತ್ತಿಗೆ ಅಗಲದಷ್ಟೇ, ನಮ್ಮ ಲೈನಿನ ಕುತ್ತಿಗೆ ಯಾವುದು ಹೇಳಿ ನೋಡೋಣ, ಅಂದು ಅವನೇ ಬರೆದ, ಎಂಟನೇ ಮೇಜು. ಅಕ್ಕನ ಮೇಜು. ಅವಳು ತಲೆ ತಗ್ಗಿಸಿ ಲೋಟದೊಳಗೆ ನೋಡುತ್ತಿದ್ದಳು, ಲೋಟ ಖಾಲಿ. ಇವನಿಗೆ ಎದ್ದು ಹೋಗಿ ಆ ಸೀಸೆಯನ್ನು ಅಂಗೈಯಲ್ಲಿ ಒರೆಸಬೇಕು ಅನ್ನಿಸಿತ್ತು, ಕುತ್ತಿಗೆ ಇಲ್ಲದ ಸೀಸೆ ಎಲ್ಲಿದೆಯೋ ತೋರಿಸು, ಕುತ್ತಿಗೆ ಕಡಿದರೆ ಅದು ಸೀಸೆಯಲ್ಲ, ಗಾಜಿನ ಚೂರು — ಹೇಳಲಿಲ್ಲ, ಹೇಳಿದ್ದರೆ ಆಚೆ ಹಾಕುತ್ತಿದ್ದರು, ಆಚೆ ಹಾಕಿಸಿಕೊಂಡು ಅವನಿಗೆ ಅಭ್ಯಾಸವಿದೆ. ಏಳನೇ ಕ್ಲಾಸಿನ ಲೆಕ್ಕದ ಮೇಷ್ಟ್ರು, ಆರು ಜನ ಹತ್ತು ದಿನದಲ್ಲಿ ಒಂದು ಗೋಡೆ ಕಟ್ಟಿದರೆ ಹನ್ನೆರಡು ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ, ಇವನು ಎದ್ದು ನಿಂತು ಕೇಳಿದ್ದ, ಸಾರ್ ಆರು ಜನದಲ್ಲಿ ಒಬ್ಬನಿಗೆ ಕೈನೋವು ಬಂದ್ರೆ? ಕ್ಲಾಸು ನಕ್ಕಿತು, ಅಧಿಕಪ್ರಸಂಗಿ ಹೊರಗೆ ಹೋಗು ಅಂದರು, ಹೋದ, ಮತ್ತೆ ಒಳಗೆ ಬರಲೇ ಇಲ್ಲ. ಕೇಳಿದ್ದು ತಮಾಷೆಗಲ್ಲ. ಈಗ ನೋಡಿ ಮೇಷ್ಟ್ರೇ, ಆ ಒಬ್ಬಳು ಇಲ್ಲೇ ಕೂತಿದ್ದಾಳೆ, ನಿಮ್ಮ ಲೆಕ್ಕದಲ್ಲಿ ಅವಳಿಗೆ ಜಾಗ ಎಲ್ಲಿದೆ?

ಕ್ಲಿಕ್. ಆರನೆಯದು. ಹತ್ತು ಸಲ ನೋಡುತ್ತಾನಂತೆ, ಹತ್ತರ ಸರಾಸರಿಯಂತೆ, ಮೂರು ಗಂಟೆಗೆ ಮಹಡಿ ಮೇಲೆ ಮೀಟಿಂಗಂತೆ, ಈಗ ಎರಡೂ ಮುಕ್ಕಾಲು. ಹೊಸ ಗಡಿಯಾರ ಸಣ್ಣವನು, ಇವನಿಗಿಂತ ಎರಡೋ ಮೂರೋ ವರ್ಷ ಹೆಚ್ಚಿರಬಹುದು, ಅಂಗಿಯ ಮಡಿಕೆ ಇನ್ನೂ ಮುರಿದಿಲ್ಲ, ಎರಡು ದಿನದಿಂದ ಅಕ್ಕನ ಹಿಂದೆ ನಿಂತು ಬರೆದುಕೊಂಡ, ನಲವತ್ತೇಳು, ನಲವತ್ತೇಳು, ನಲವತ್ತೆಂಟು, ಎರಡು ದಿನವೂ ಅಕ್ಕ ಮನೆಗೆ ಬಂದು ಊಟ ಮಾಡಲಿಲ್ಲ, ಬಡಿಸಿದಳು, ಉಣ್ಣಲಿಲ್ಲ. ನಿನ್ನೆ ಹೇಳಿದಳು, ಎಂಟನೇ ಮೇಜಿಗೆ ಬೇರೆ ಹುಡುಗಿ ನೋಡ್ತಿದ್ದಾರಂತೆ, ನನಗೆ ಬೇರೆ ಮೇಜು ಇಲ್ವಂತೆ, ಮುಂದಿನ ತಿಂಗಳಿಂದ ಬರೋದು ಬೇಡ ಅಂದ್ರೂ ಅಂದಾರು. ನೋಡೋ, ನಾಳೆ ನಿನ್ನ ಹತ್ರ ಬರ್ತಾನೆ, ನೀನು ಓಡಿದ್ಯೋ, ನಲವತ್ತು ಮೂವತ್ತೈದಾಗುತ್ತೆ, ಆಮೇಲೆ ನನ್ನ ಕಥೆ ಮುಗೀತು. ಅಮ್ಮನಾಣೆ ಓಡಲ್ಲ ಅಂದ. ಅಮ್ಮನ ಆಣೆಗೆ ಏನು ಬೆಲೆ, ಅಮ್ಮನ ಮುಖವೇ ಅವನಿಗೆ ನೆನಪಿಲ್ಲ, ನೆನಪಿರುವುದು ಅಕ್ಕನ ಸೊಂಟ, ಸೊಂಟದ ಮೇಲೆ ಕೂತು ಕಂಡ ಬೀದಿ, ಆ ಬೀದಿಯ ತುದಿಯಲ್ಲಿ ಇದೇ ಕಾರ್ಖಾನೆಯ ಗೇಟು, ಗೇಟಿನ ಸಂದಿಯಲ್ಲಿ ಅವನನ್ನು ತೂರಿಸಿ ಇವನಿಗೆ ಕೈ ಚುರುಕು ಸಾರ್ ಒಂದ್ಸಲ ನೋಡಿ ಸಾರ್ ಅಂತ ಅವಳೇ ಅಂಗಲಾಚಿದ್ದು, ಆ ಚುರುಕೇ ಈಗ ಅವಳ ಕೊರಳಿಗೆ ಉರುಳು. ಏಳು. ಕ್ಲಿಕ್. ಬಿಳಿ ಅಂಗಿ ಬಾಗಿತು, ಸೋಪಿನ ವಾಸನೆ, ಇಷ್ಟೇನಾ, ಕೈ ಬಿಚ್ಚಿ ಮಾಡಪ್ಪ, ನಾನೇನು ಹುಲಿಯಾ. ಹುಲಿಯಲ್ಲ, ನರಿ, ಹುಲಿಯಾದರೆ ಎದುರಿನಿಂದ ಬರುತ್ತದೆ. ನೋಡು, ಗಾಳ ಹಾಕುತ್ತಿದ್ದಾನೆ, ಹೋದ ವರ್ಷದ ಆಸಾಮಿ ಬೈದು ಓಡಿಸಿದ, ಇವನು ಬೆಣ್ಣೆ ಹಚ್ಚಿ ಓಡಿಸುತ್ತಾನೆ. ಹೋದ ವರ್ಷದ ಕಾಗದದಲ್ಲಿ ನಿಂದು ತುಂಬಾ ಚೆನ್ನಾಗಿತ್ತು, ಅಂತಾನೆ, ಆ ಪಂಪಿಗೆ ಮೂರೇ ಸ್ಕ್ರೂ, ಸರಿ, ನಾಲ್ಕಾದ್ರೂ ಇಷ್ಟಾಗಬಾರದು, ಅಲ್ವಾ? ಅಲ್ವಾ ಅಂತೆ, ಅವನ ಅಲ್ವಾ. ಸಿಟ್ಟು ತೋಳಿಗೆ ಬಂತು, ಕೈ ತಾನಾಗಿ ಡಬ್ಬಿಯೊಳಗೆ ನಾಲ್ಕನ್ನೂ ಬಾಚಲು ಹೋಯಿತು — ಹಲ್ಲು ಕಚ್ಚಿದ, ಮೂರನ್ನು ಬಿಟ್ಟ, ಒಂದನ್ನು ಎತ್ತಿದ. ಎಂಟು. ಜನ್ಮದಲ್ಲಿ ಮೊದಲ ಸಲ ಸಿಟ್ಟು ಬಂದರೂ ಕೈ ಓಡಲಿಲ್ಲ, ಕಟ್ಟಿಹಾಕಿದ ಎತ್ತಿನ ಹಾಗೆ ಗೂಟದ ಸುತ್ತ ಸುತ್ತಿತು, ನಿಂತಿತು. ಒಂಬತ್ತು. ಇನ್ನೂ ಸ್ವಲ್ಪ ಬೇಗ ಆಗುತ್ತಾ ನೋಡು, ಒಂದೇ ಒಂದ್ಸಲ, ಅಂದ ಬಿಳಿ ಅಂಗಿ, ಈಗ ಅವನ ದನಿ ಬೇರೆಯಾಗಿತ್ತು, ಬೇಡಿದ ಹಾಗೆ ಇತ್ತು, ಬೇಡಲಿ, ಇಷ್ಟೇ ಸಾರ್, ಕಲಿತಿರೋದೇ ಇಷ್ಟು, ಏಳನೇ ಕ್ಲಾಸು, ಅಂತ ಹಲ್ಲು ಕಿರಿದ. ಹತ್ತು. ಕ್ಲಿಕ್.

ಬರೆಯುತ್ತಾನೆ, ಕೂಡುತ್ತಾನೆ, ಪೆನ್ನಿನ ತುದಿ ಕಚ್ಚುತ್ತಾನೆ, ಮೂವತ್ತೊಂಬತ್ತು. ಗೆದ್ದೆ. ಗೆದ್ದೆನಲ್ಲೋ ದೊಡ್ಡಪ್ಪ, ನಲವತ್ತರ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ, ಇನ್ನು ಮೂವತ್ತೈದು ಮಾಡಲಿ ನೋಡೋಣ — ಗಡಿಯಾರದವನು ಹೋಗಲಿಲ್ಲ, ಕಾಗದವನ್ನು ಹಲಗೆಯ ಮೇಲೆ ತಿರುಗಿಸಿ ಇವನ ಮುಂದೆ ಹಿಡಿದ, ಹನ್ನೊಂದು ಉದ್ದ ಪಟ್ಟಿಗಳು, ಅಡ್ಡ ಒಂದು ಕೆಂಪು ಗೆರೆ, ಎಂಟನೇ ಪಟ್ಟಿ ಮಾತ್ರ ಗೆರೆ ದಾಟಿ ತಲೆ ಎತ್ತಿದೆ. ಏಳನೆಯದು ನೀನು, ಅಂದ. ನಿಮ್ಮಕ್ಕನ ಬುಷ್ ಕೆಲಸ ಇದೆಯಲ್ಲ, ಅದನ್ನ ನಿನ್ನ ಮೇಜಿಗೆ ಕೊಡೋಣ ಅಂತಿದ್ದೆ, ಅದೊಂದು ತೆಗೆದ್ರೆ ಅವರದ್ದು ಮೂವತ್ತಕ್ಕೆ ಇಳಿಯುತ್ತೆ, ಆರಾಮಾಗಿ ಇರ್ತಾರೆ, ಬೇರೆಯವರನ್ನ ತರೋದೇ ಬೇಡ. ನಿನ್ನ ಹತ್ರ ಹತ್ತು ಸೆಕೆಂಡು ಬಿಡುವು ಸಿಕ್ಕಿದ್ರೆ ಸಾಕಿತ್ತು. ನಲವತ್ತರಲ್ಲಿ ಮೂವತ್ತೊಂಬತ್ತು ಹೋದ್ರೆ ಒಂದು. ಒಂದು ಸೆಕೆಂಡಲ್ಲಿ ಏನು ಮಾಡ್ಲಿ. — ಏನಂದ? ಇನ್ನೊಂದು ಸಲ ಹೇಳು, ಹೇಳಬೇಡ, ಕೇಳಿಸಿತು. ಸಾರ್, ನಾನು ಇಪ್ಪತ್ತೇಳರಲ್ಲಿ ಮಾಡ್ತೀನಿ ಸಾರ್. ಈಗ ಮಾಡಿ ತೋರಿಸ್ತೀನಿ, ಇಲ್ನೋಡಿ, ನಾಲ್ಕು ಸ್ಕ್ರೂ ಒಟ್ಟಿಗೆ — ಗೊತ್ತಿತ್ತು ಕಣಪ್ಪ, ಅಂದ ಬಿಳಿ ಅಂಗಿ, ನೀನು ಎಳೀತಿದ್ದೆ ಅಂತ ನನಗೆ ಗೊತ್ತಾಗ್ತಿತ್ತು, ಅದಕ್ಕೇ ಮೂರು ಸಲ ಹೇಳಿದೆ. ಮತ್ತೆ ಬುಷ್ ವಿಷಯ ಮೊದಲೇ ಬೊಗಳೋದಕ್ಕೆ ಏನಾಗಿತ್ತು ಸಾರ್ ನಿಮಗೆ? ಆ ಮಾತು ನಿಜವಾಗಿಯೂ ಬಾಯಿಯಿಂದ ಬಂತು, ಹಿಂದಿನ ಮೇಜುಗಳು ತಿರುಗಿದವು, ಬಿಳಿ ಅಂಗಿಯವನ ಕಿವಿ ಕೆಂಪಾಯಿತು. ಹೇಳಿದ್ರೆ ನೀನು ಅಕ್ಕನಿಗೋಸ್ಕರ ಜೀವ ಬಿಟ್ಟು ಓಡ್ತಿದ್ದೆ, ಆ ಅಂಕಿ ನಂಬೋದು ಹೇಗೆ, ನಾಳೆ ಎರಡು ಮೇಜೂ ನಿಂತ್ರೆ ನನ್ನ ತಲೆ ಹೋಗುತ್ತೆ, ನಾನು ಬಂದು ಒಂದು ತಿಂಗಳಾಗಿದೆ, ಕಣ್ಣಿಗೆ ಕಂಡದ್ದನ್ನ ಬರೆದಿದ್ದೀನಿ, ಅಷ್ಟೇ. ಗಡಿಯಾರ ನೋಡಿಕೊಂಡ, ಮೂರಕ್ಕೆ ಎಂಟು ನಿಮಿಷ, ಹೊರಟ. ಇವನಿಗೂ ಹೆದರಿಕೆ, ನನಗೂ ಹೆದರಿಕೆ, ಇಬ್ಬರೂ ಒಂದೇ ಹೆಂಗಸನ್ನು ಉಳಿಸಲು ಒಂದೇ ಮೇಜಿಗೆ ಬಂದು ನಿಂತು, ಒಬ್ಬರ ಬಾಯಿಗೆ ಒಬ್ಬರು ಬೀಗ ಹಾಕಿ, ಥೂ, ನಿನ್ನ ಕಾಲೇಜಿಗೆ ಬೆಂಕಿ ಬೀಳಲಿ, ನನ್ನ ಜಾಣತನಕ್ಕೆ ಬೆಂಕಿ ಬೀಳಲಿ, ದೊಡ್ಡಪ್ಪನ ಇಪ್ಪತ್ತಾರು ವರ್ಷಕ್ಕೆ ಬೆಂಕಿ ಬೀಳಲಿ —

ಕೈ ಓಡುತ್ತಿದೆ. ಯಾವಾಗ ಓಡಲು ಶುರುವಾಯಿತೋ, ನಾಲ್ಕು ಸ್ಕ್ರೂ ಒಟ್ಟಿಗೆ, ಟರ್ ಟರ್ ಟರ್ ಟರ್, ತಳ್ಳು, ಇನ್ನೊಂದು, ನೋಡೋ, ತಿರುಗಿ ನೋಡೋ, ಕಬ್ಬಿಣದ ಮೆಟ್ಟಿಲ ಮೇಲೆ ಬಿಳಿ ಅಂಗಿ ಏರುತ್ತಿದೆ, ಇಪ್ಪತ್ತಾರು, ಇಪ್ಪತ್ತೈದು, ಗಡಿಯಾರವಿಲ್ಲದೆಯೇ ಅವನಿಗೆ ಗೊತ್ತು, ತೋಳಿಗೆ ಗೊತ್ತು, ತಳ್ಳು, ಚೌಕದಲ್ಲಿ ಮೂರು, ನಾಲ್ಕನೆಯದು ಹಳದಿ ಗೆರೆ ದಾಟಿತು, ಐದು, ದಾಸ್ತಾನಿನ ಕೆಂಪು ದೀಪ ಹತ್ತಿತು, ಹತ್ತಲಿ, ತಿರುಗಿ ನೋಡೋ, ಒಂದು ಸಲ, ಬಾಗಿಲು ಮುಚ್ಚಿತು. ಆರು. ಏ, ಯಾಕೋ, ರಾಶಿ ಬೀಳ್ತಿದೆ ನಿಧಾನ ಮಾಡೋ, ಅಕ್ಕನ ದನಿ, ಅವಳಿಗೆ ತಂತಿಗೆ ಮೂತಿ ಒತ್ತುವ ಗಾಳಿಯಂತ್ರದ ಸದ್ದಿನಲ್ಲಿ ಏನೂ ಕೇಳಿಸಿಲ್ಲ, ಬಿಳಿ ಅಂಗಿ ಹೋದದ್ದು ಕಂಡಿದೆ ಅಷ್ಟೇ, ಮೇಜಿನ ಮೇಲಿಂದ ಬಾಗಿ ನಗುತ್ತಾಳೆ, ಎಷ್ಟು ದಿನವಾಗಿತ್ತು ಅವಳು ನಕ್ಕು, ಎಷ್ಟಂತೆ? ಮೂವತ್ತೊಂಬತ್ತು, ಅಂದ, ಅವನ ಬಾಯಿ ಅಂದಿತು. ಶಭಾಷ್ ಕಣೋ, ತಡೆದುಬಿಟ್ಟೆ, ನನ್ನ ಬಂಗಾರ, ಇವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ತೀನಿ ನೋಡು. ಹೇಳಬೇಕು, ಈಗಲೇ ಹೇಳಬೇಕು, ಅಕ್ಕ, ಅಂದ, ಅಷ್ಟರಲ್ಲಿ ಅವಳು ಪಂಪಿನ ಕಡೆ ತಿರುಗಿದ್ದಳು, ರಾಶಿ ತೀರಿಸಬೇಕಲ್ಲ, ತಂತಿ ಎಳೆದಳು, ತೂತಿನ ಮೇಲೆ ಬುಷ್ ಇಟ್ಟಳು, ಹೆಬ್ಬೆರಳಿನಲ್ಲಿ ಒತ್ತಿದಳು, ಉಗುರು ಬೆಳ್ಳಗಾಯಿತು, ಬುಷ್ ಚಿಮ್ಮಿ ಹೊರಗೆ ಬಿತ್ತು, ಹತ್ತು ಸೆಕೆಂಡು, ನನ್ನ ಹತ್ತಿರವಿತ್ತು, ಈ ಬೆರಳುಗಳ ಸಂದಿಯಲ್ಲೇ ಇತ್ತು, ಎತ್ತಿ ಮತ್ತೆ ಇಟ್ಟಳು, ನಗು ಇನ್ನೂ ಮುಖದ ಮೇಲಿದೆ, ಹೆಬ್ಬೆರಳು, ಉಗುರು ಬೆಳ್ಳಗೆ, ಚಿಮ್ಮಿ ಹೊರಗೆ, ಮೇಲೆ ಮೂರಾಯಿತು, ಕಾಗದ ಓದುತ್ತಿದ್ದಾರೆ, ಎತ್ತಿ ಇಟ್ಟಳು, ಹೆಬ್ಬೆರಳು, ಉಗುರು ಬೆಳ್ಳಗೆ, ಹೊರಗೆ, ಎತ್ತಿ, ಹೆಬ್ಬೆರಳು, ಬೆಳ್ಳಗೆ