ನೋ ಡಿಸ್ಚಾರ್ಜ್

ನಮ್ಮಕ್ಕನ ಮೊಣಕಾಲಿನ ಕೆಳಗೆ ಹದಿನಾಲ್ಕು ಹೊಲಿಗೆ ಹಾಕಿದ್ದರು. ಮೊದಲ ಸಲ ಪಟ್ಟಿ ಬಿಚ್ಚಿದಾಗ ಅವಳು ನೋಡಿದ್ದು ಗಾಯವನ್ನಲ್ಲ, ಹೊಲಿಗೆಯನ್ನು.

“ಅಂತರ ಸರಿಯಿಲ್ಲವಲ್ಲ. ಮೂರನೇದೂ ನಾಲ್ಕನೇದೂ ಒಂದರ ಮೇಲೊಂದು ಹತ್ತಿ ಕೂತಿವೆ. ಯಾರು ಹಾಕಿದ್ದು ಇದನ್ನ?” ಎಂದು ಸಿಸ್ಟರನ್ನೇ ಕೇಳಿದಳು.

ಅವಳು ಹಾಗೆ ಕೇಳಿದ್ದರಲ್ಲಿ ಕೊಬ್ಬೇನೂ ಇರಲಿಲ್ಲ. ನಲವತ್ತೆರಡು ವರ್ಷ ಪುಸ್ತಕ ಹೊಲಿದ ಕೈ ಅವಳದು. ನಾವಿಬ್ಬರೂ ಒಂದೇ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವರು. ಅಚ್ಚಾಗಿ ಬಂದ ಹಾಳೆಗಳನ್ನು ನಾನು ಮಡಚಿ, ಉಗುರಲ್ಲಿ ಗೀರಿ, ಅವಳ ಮುಂದೆ ಇಡುತ್ತೇನೆ. ಅವಳು ಜೋಡಿಸಿಕೊಂಡು ದಬ್ಬಳದಲ್ಲಿ ಹೊಲಿಯುತ್ತಾಳೆ. ಎಷ್ಟು ಲಕ್ಷ ಪುಟ ನನ್ನ ಕೈ ಕೆಳಗೆ ಹಾದುಹೋಗಿವೆಯೋ ಲೆಕ್ಕವಿಟ್ಟವರಿಲ್ಲ. ಅರವತ್ತೆರಡು ವರ್ಷ ತುಂಬುವವರೆಗೆ ಅವುಗಳಲ್ಲಿ ಒಂದನ್ನೂ ನಾನು ಓದಿರಲಿಲ್ಲ. ಪುಟದ ಅಂಕಿ ಗೊತ್ತಾಗುತ್ತಿತ್ತು, ಹಾಳೆ ತಲೆಕೆಳಗಾಗಿದ್ದರೆ ಗೊತ್ತಾಗುತ್ತಿತ್ತು. ನಮ್ಮ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ಆಮೇಲೆ ರಾತ್ರಿ ಶಾಲೆಗೆ ಸೇರಿದೆ. ಎರಡು ವರ್ಷ ನಮ್ಮ ಭಾಷೆ, ಈಗ ಎರಡು ವರ್ಷದಿಂದ ಇಂಗ್ಲಿಷು. ಅಕ್ಕನನ್ನೂ ಕರೆದೆ. “ನನಗೆ ಕಣ್ಣು ದಾರ ಪೋಣಿಸೋಕೇ ಬೇಕು, ಅದನ್ನ ಅಲ್ಲಿ ಸವೆಸಲಾರೆ” ಎಂದುಬಿಟ್ಟಳು. ಅವತ್ತಿಂದ ನನ್ನ ಹೆಸರು ಪಂಡಿತಮ್ಮ ಎಂದಾಯಿತು. ಸಂಜೆ ನಾನು ಚೀಲ ಹಿಡಿದು ಹೊರಟರೆ, “ಹೋಗಿ ಬಾರಮ್ಮ ಪಂಡಿತಮ್ಮ, ನಾಳೆ ಬಂದು ನನಗೂ ಎರಡಕ್ಷರ ದಾನ ಮಾಡು” ಎನ್ನುವಳು.

ಅಂಥವಳು ಒಂದು ದಿನ ರಟ್ಟಿನ ಕಟ್ಟು ಇಳಿಸಲು ಸ್ಟೂಲು ಹತ್ತಿ ಜಾರಿದಳು. ಕಬ್ಬಿಣದ ಕಪಾಟಿನ ಅಂಚು ತಾಗಿ ಕಾಲು ಸೀಳಿತು. ಆಸ್ಪತ್ರೆಗೆ ಸೇರಿಸಿದೆವು. ಅರ್ಜಿಯಲ್ಲಿ ಸಂಬಂಧ ಎಂಬ ಜಾಗದಲ್ಲಿ ನಾನೇ ನನ್ನ ಕೈಯಾರೆ ಇಂಗ್ಲಿಷಿನಲ್ಲಿ ‘ಸಿಸ್ಟರ್’ ಎಂದು ಬರೆದೆ. ಕಿಟಕಿಯಾಚೆಯ ಗುಮಾಸ್ತ ಅದನ್ನು ನೋಡಿ, ನನ್ನ ಮುಖವನ್ನೂ ನೋಡಿ, “ನೀವು ಯಾವ ವಾರ್ಡಿನವರು ಅಮ್ಮ? ಇನ್ನೂ ರಿಟೈರ್ ಆಗಿಲ್ವಾ?” ಎಂದ. ಆ ನೋವಿನಲ್ಲೂ ಅಕ್ಕ ನಕ್ಕಳು.

ನಗು ನಾಲ್ಕನೇ ದಿನಕ್ಕೆ ನಿಂತಿತು. ಗಾಯ ಕೀವುಗಟ್ಟಿತು. ಡಾಕ್ಟರು ಹುಬ್ಬು ಗಂಟಿಕ್ಕಿ, ದಿನಕ್ಕೆರಡು ಸಲ ತೊಳೆಯಲು ಹೇಳಿದರು. ಯಾವಾಗ ಮನೆಗೆ ಎಂದು ಕೇಳಿದ್ದಕ್ಕೆ, “ಮೊದಲು ಗಾಯ ಮಾತು ಕೇಳಲಿ” ಎಂದರು. ಆ ಮಾತು ಅಕ್ಕನ ಒಳಗೆ ಮುಳ್ಳಿನ ಹಾಗೆ ಕೂತಿತು. ಅವಳಿಗೆ ಹತ್ತು ವರ್ಷವಿದ್ದಾಗ ನಮ್ಮ ಸೋದರಮಾವನನ್ನು ಹೀಗೇ ಒಂದು ಗಾಯಕ್ಕೆಂದು ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಇವತ್ತು ಬಿಡಲ್ಲ, ನಾಳೆ ಬಿಡಲ್ಲ ಎನ್ನುತ್ತಾ ಕೊನೆಗೆ ಬಿಟ್ಟಾಗ ಮಾವ ಒಂದೇ ಕಾಲಲ್ಲಿ ಮನೆಗೆ ಬಂದ. ನಾನು ಆಗ ಚಿಕ್ಕವಳು, ನನಗೆ ನೆನಪಿಲ್ಲ. ಅಕ್ಕನಿಗೆ ಅವನ ಊರುಗೋಲಿನ ಸದ್ದೂ ನೆನಪಿದೆ.

ಹತ್ತನೇ ದಿನ ಸಂಜೆ ನಾಲ್ಕಕ್ಕೆ, ನೋಡಲು ಬಿಡುವ ಹೊತ್ತಿಗೆ, ನಾನು ವಾರ್ಡಿನ ಒಳಗೆ ಕಾಲಿಟ್ಟೆನೋ ಇಲ್ಲವೋ, ಅಕ್ಕ ಕೈ ಬೀಸಿದಳು.

“ಬಂದ್ಯಾ ಪಂಡಿತಮ್ಮ? ಕನ್ನಡಕ ಹಾಕ್ಕೋ. ಆ ಕಾಗದದಲ್ಲಿ ಏನಿದೆ ಓದು.”

“ಕೂತ್ಕೊಳ್ಳೋಕಾದ್ರೂ ಬಿಡು ಅಕ್ಕ.”

“ಓದಿ ಕೂತ್ಕೋ. ಬೆಳಿಗ್ಗೆ ಡಾಕ್ಟರು ಬಂದ್ರು, ಕಾಲು ನೋಡಿದ್ರು, ‘ಹ್ಞೂಂ’ ಅಂದ್ರು, ಏನೋ ಗೀಚಿದ್ರು. ಬಾಯಿ ಬಿಡೋ ಅಷ್ಟರಲ್ಲಿ ಫೋನು ಬಂತು, ಹೊರಟೇ ಹೋದ್ರು. ಹ್ಞೂಂ ಅಂದ್ರೆ ಏನೇ? ಒಳ್ಳೇದಾ ಕೆಟ್ಟದ್ದಾ?”

ಮಂಚದ ಕಾಲ ಬಳಿ ರಟ್ಟಿಗೆ ಸಿಕ್ಕಿಸಿದ ಕಾಗದ ನೇತಾಡುತ್ತಿತ್ತು. ತೆಗೆದುಕೊಂಡೆ. ಡಾಕ್ಟರ ಅಕ್ಷರ ಸಿಕ್ಕುಬಿದ್ದ ದಾರದ ಹಾಗಿತ್ತು. ತುದಿ ಯಾವುದು ಎಂದೇ ತಿಳಿಯದು. ಅವತ್ತಿನ ತಾರೀಖಿನ ಮುಂದೆ ಒಂದು ಸಾಲು. ಅದರ ಕೊನೆಯ ಎರಡು ಪದ ಮಾತ್ರ ಬಿಡಿಬಿಡಿಯಾಗಿದ್ದವು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಎರಡನೆಯ ಪದ ಉದ್ದದ್ದು. ಅಷ್ಟುದ್ದದ ಪದ ತಡೆಯಿಲ್ಲದೆ ಬಾಯಿಗೆ ಬಂತಲ್ಲ ಎಂಬ ಖುಷಿಗೆ ಗಟ್ಟಿಯಾಗಿಯೇ ಓದಿಬಿಟ್ಟೆ.

“ನೋ ಡಿಸ್ಚಾರ್ಜ್!”

ಹೆಮ್ಮೆ ಮೊದಲು ಬಂತು, ಅರ್ಥ ಆಮೇಲೆ ಬಂತು. ಅರ್ಥ ಹೇಳಲು ಯಾರಿಗೂ ರಾತ್ರಿ ಶಾಲೆ ಬೇಕಿರಲಿಲ್ಲ. ಆ ಪದವನ್ನು ವಾರ್ಡಿನ ಗೋಡೆಗಳೂ ಬಲ್ಲವು. ಅಕ್ಕನ ಮುಖ ಒಮ್ಮೆಲೇ ಸಪ್ಪಗಾಯಿತು.

ಪಕ್ಕದ ಹಾಸಿಗೆಯಲ್ಲಿ ಹೂವಿನ ಅಂಗಡಿಯವಳೊಬ್ಬಳು ಬೆನ್ನಿನ ಕುರು ಕೊಯ್ಯಿಸಿಕೊಂಡು ಬೋರಲು ಮಲಗಿದ್ದಳು. ದಿನವಿಡೀ ಫೋನಿನಲ್ಲೇ ಅಂಗಡಿ ನಡೆಸುವವಳು. ಅವಳು ದಿಂಬಿನಿಂದ ಮುಖವೆತ್ತಿ, “ಅಯ್ಯೋ, ನೋ ಡಿಸ್ಚಾರ್ಜಾ? ಹಾಗೆ ಬರೆದ್ರು ಅಂದ್ರೆ ಮುಗೀತು ಬಿಡಿ. ಇನ್ನು ಕೊಯ್ಯೋದೇ” ಎಂದು ಮತ್ತೆ ಫೋನಿಗೆ ತಿರುಗಿದಳು.

ಅಕ್ಕ ಎದ್ದು ಕೂತಳು. ಹೊದಿಕೆ ಸರಿಸಿದಳು.

“ನನ್ನ ಚಪ್ಪಲಿ ಎಲ್ಲಿ?”

“ಯಾಕಕ್ಕ?”

“ಕಾಲಿರುವಾಗಲೇ ನಡೆದು ಹೋಗ್ತೀನಿ. ಮಾವ ಕಾಯ್ತಾ ಕೂತು ಕಳ್ಕೊಂಡ. ನಾನು ಕಾಯಲ್ಲ. ಶಾಲು ಕೊಡು.”

“ಹೊಲಿಗೆ ಬಿಚ್ಚೋವರೆಗೆ ಆ ಕಾಲ ಮೇಲೆ ಭಾರ ಹಾಕಬೇಡಿ ಅಂತ ಸಿಸ್ಟರ್ ಹೇಳಿಲ್ವಾ? ಗಾಯ ಬಾಯಿ ಬಿಟ್ರೆ ಏನು ಗತಿ?”

“ಬಿಟ್ರೆ ನಾನೇ ಹಾಕ್ಕೋತೀನಿ. ಇವರಿಗಿಂತ ನೆಟ್ಟಗೆ ಹಾಕ್ತೀನಿ. ಪಕ್ಕಕ್ಕೆ ಸರಿ ನೀನು.”

ಅವಳು ತಮಾಷೆ ಮಾಡುತ್ತಿರಲಿಲ್ಲ. ಒಳ್ಳೆಯ ಕಾಲು ಆಗಲೇ ನೆಲದಲ್ಲಿತ್ತು. ಪಟ್ಟಿ ಕಟ್ಟಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಕೆಳಗಿಳಿಸುತ್ತಿದ್ದಳು. ಭುಜ ಹಿಡಿದೆ, ಕೊಡವಿದಳು. ಮತ್ತೆ ಹಿಡಿದೆ. ಎಪ್ಪತ್ತರ ಮೈಯಾದರೂ ದಬ್ಬಳ ಎಳೆದ ತೋಳು ಅದು. ಈ ಕಾಲು ಕೆಟ್ಟರೆ ಕೆಡಿಸಿದ್ದು ನಾನು ಬಾಯಾರೆ ಓದಿದ ಎರಡು ಪದ. ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ.

ಆಗ ಹೂವಿನವಳು ಕೂಗಿದಳು. “ಹಲೋ... ಹಲೋ! ಥೂ, ಡಿಸ್ಚಾರ್ಜ್ ಆಗೋಯ್ತು! ಯಾರ ಹತ್ರನಾದ್ರೂ ಚಾರ್ಜರ್ ಇದ್ಯೇನ್ರಿ?”

ನಾನು ಅಕ್ಕನ ಭುಜ ಹಿಡಿದಂತೆಯೇ ನಿಂತೆ.

ಫೋನಿಗೂ ಡಿಸ್ಚಾರ್ಜು. ಆದರೆ ಅದಕ್ಕೆ ಯಾರೂ ಬಟ್ಟೆ ಗಂಟು ಕಟ್ಟಲಿಲ್ಲ, ಬಸ್ಸು ಹತ್ತಿಸಲಿಲ್ಲ.

ನಮ್ಮ ಶಾಲೆಯಲ್ಲಿ ಹೋದ ತಿಂಗಳು ಒಂದು ಕತೆಯಾಗಿತ್ತು. ಟೀಚರು ಅರ್ಜಿ ತುಂಬುವುದನ್ನು ಕಲಿಸುತ್ತಿದ್ದರು. ಅದರಲ್ಲಿ ‘ಕರೆಂಟ್ ಅಡ್ರೆಸ್’ ಎಂದಿತ್ತು. ನಮ್ಮ ಜೊತೆ ಕಲಿಯುವ ವಾಚ್‌ಮನ್ ಬಹಳ ಯೋಚನೆ ಮಾಡಿ, ಕರೆಂಟ್ ಆಫೀಸು, ದೊಡ್ಡ ಕಂಬದ ಪಕ್ಕ, ಎಂದು ಬರೆದ. ನಾವೆಲ್ಲ ಅವನದೇ ಸರಿ ಎಂದೆವು. ಕರೆಂಟ್ ಅಂದರೆ ಕರೆಂಟೇ ತಾನೆ? ಟೀಚರು ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅಲ್ಲಿ ಅದು ಈಗಿನ ವಿಳಾಸ ಎಂದು ತಿಳಿಸಿ, ಆಮೇಲೆ ಹೇಳಿದರು: “ಅಜ್ಜಿ, ಪದದ ಮುಖ ಒಂದನ್ನೇ ನೋಡಿ ಮೋಸ ಹೋಗಬೇಡಿ. ಅದು ಯಾರ ಜೊತೆ ಕೂತಿದೆ ನೋಡಿ. ಅಕ್ಕಪಕ್ಕದವರನ್ನ ವಿಚಾರಿಸಿ.”

“ಅಕ್ಕ, ಎರಡೇ ನಿಮಿಷ ಕೊಡು,” ಎಂದೆ. “ಅಕ್ಕಪಕ್ಕ ನೋಡ್ತೀನಿ.”

“ಅಕ್ಕ ಇಲ್ಲೇ ಇದ್ದೀನಿ, ಪಕ್ಕದವಳೂ ಇಲ್ಲೇ ಇದ್ದಾಳೆ. ಇನ್ನೇನು ನೋಡ್ತೀಯ?”

ಆದರೂ ಕಾಲು ಅಲ್ಲೇ ಮಧ್ಯದಲ್ಲಿ ನಿಂತಿತು. ನಾನು ಕಾಗದವನ್ನು ಬೆಳಕಿಗೆ ಹಿಡಿದೆ. ಸಾಲಿನ ಮೊದಲ ಪದ ಬಿಡಿಸಿದೆ: ವೂಂಡ್. ದಿನಾ ಕೇಳಿದ ಪದ. ಸಿಸ್ಟರು ಬೋಗುಣಿ ತಂದಾಗೆಲ್ಲ ‘ವೂಂಡ್ ತೊಳೀಬೇಕು’ ಎನ್ನುತ್ತಾರೆ. ಆಮೇಲಿನದು ಕ್ಲೀನ್. ಅದರ ನಂತರ ಡ್ರೈ. ಈ ಎರಡು ನನಗೆ ಹಳೇ ನೆಂಟರು. ನಮ್ಮ ಅಂಗಡಿಯ ಅಂಟಿನ ಡಬ್ಬದ ಮೇಲೆ ಇವೆ. ಯಾರ ಸಹಾಯವೂ ಇಲ್ಲದೆ ನಾನು ಓದಿದ ಮೊದಲ ಇಂಗ್ಲಿಷ್ ಪದಗಳೇ ಅವು.

ಗಾಯ ಚೊಕ್ಕ. ಗಾಯ ಒಣಗಿದೆ. ಅದರ ಬೆನ್ನಿಗೇ, ಮನೆಗೆ ಕಳಿಸೋದಿಲ್ಲ? ಅಲ್ಲಿ ಆ ಮಾತು ಹೇಗೆ ಕೂರುತ್ತದೆ? ಪುಸ್ತಕದ ಬೆನ್ನಿಗೆ ಅಂಟು ಹಚ್ಚಿ, ಭಾರದ ಕೆಳಗೆ ಒತ್ತಿಟ್ಟು ಮರುದಿನ ತೆಗೆದಾಗ ನಾವೂ ಮೂರು ನೋಡುತ್ತೇವೆ. ಚೊಕ್ಕ ಇದೆಯಾ, ಒಣಗಿದೆಯಾ, ಸಂದಿಯಿಂದ ಅಂಟು ಹೊರಗೆ ಬಂದಿದೆಯಾ. ಮೂರನೆಯದನ್ನು ಬಿಟ್ಟು ಯಾವ ಕೆಲಸಗಾರನೂ ಪುಸ್ತಕ ಕೆಳಗಿಡುವುದಿಲ್ಲ.

“ಅಕ್ಕ,” ಎಂದೆ, “ಇದು ನಿನ್ನ ವಿಷಯ ಅಲ್ಲ. ನಿನ್ನ ಗಾಯದ ವಿಷಯ.”

“ಗಾಯ ಬೇರೆ ನಾನು ಬೇರೆನಾ?”

“ಕೇಳು. ಡಿಸ್ಚಾರ್ಜ್ ಅಂದ್ರೆ ಒಳಗಿದ್ದದ್ದು ಹೊರಗೆ ಹೋಗೋದು. ಫೋನಿಂದ ಚಾರ್ಜ್ ಹೋದ್ರೂ ಅದೇ, ಆಸ್ಪತ್ರೆಯಿಂದ ನೀನು ಹೋದ್ರೂ ಅದೇ. ಇಲ್ಲಿ ಗಾಯದ ಮಾತು ನಡೀತಿದೆ. ಗಾಯದಿಂದ ಹೊರಗೆ ಬರ್ತಿದ್ದದ್ದು ಏನು?”

“ಕೀವು.”

“ಅದು ನಿಂತಿದೆ ಅಂತ ಬರೆದಿದ್ದಾರೆ. ಚೊಕ್ಕ, ಒಣಗಿದೆ, ಏನೂ ಸೋರ್ತಿಲ್ಲ. ನಮ್ಮ ಅಂಟಿನ ಹಾಗೆ.”

ಅಕ್ಕ ನನ್ನನ್ನು ದಿಟ್ಟಿಸಿದಳು. “ನನ್ನ ಸಮಾಧಾನಕ್ಕೆ ನೀನೇ ಹೊಲೀತಿದ್ದೀಯ.”

“ಹೊಲಿಯೋದು ನಿನ್ನ ಕೆಲಸ. ನನಗೆ ಮಡಚೋದಷ್ಟೇ ಬರೋದು.”

ಅವಳ ತುಟಿ ಒಂದಿಷ್ಟು ಸಡಿಲವಾಯಿತು. ಹಾಗೆ ನೋಡಿದರೆ ನನಗೂ ಪೂರ್ತಿ ಧೈರ್ಯವಿರಲಿಲ್ಲ. “ಸಿಸ್ಟರ್ ಬರೋವರೆಗೆ ಕಾಲು ಮೇಲಿಡು. ನಾನು ಹೇಳಿದ್ದು ತಪ್ಪಾದ್ರೆ ನಾನೇ ಚಪ್ಪಲಿ ತೊಡಿಸ್ತೀನಿ, ನಾನೇ ಹೊತ್ಕೊಂಡು ಹೋಗ್ತೀನಿ.”

“ನೀನು? ನನ್ನನ್ನ? ಇಬ್ಬರನ್ನೂ ಇಲ್ಲೇ ಮಲಗಿಸ್ತಾರೆ ಅಷ್ಟೇ,” ಎಂದು ಗೊಣಗುತ್ತಾ ಕಾಲು ಮೇಲಿಟ್ಟಳು.

ಸಿಸ್ಟರು ಬರಲು ಕಾಲು ಗಂಟೆಯಾಯಿತು. ನನಗೆ ಅದು ಕಾಲು ದಿನದಷ್ಟಿತ್ತು. ಔಷಧಿಯ ತಟ್ಟೆ ಹಿಡಿದು ಬಂದವರ ಮುಂದೆ ಕಾಗದ ಚಾಚಿದೆ. “ಸಿಸ್ಟರ್, ಇದು ಕೀವು ನಿಂತಿದೆ ಅಂತ ತಾನೆ?”

ಅವರು ಒಮ್ಮೆ ಕಣ್ಣಾಡಿಸಿ, “ಹೌದಮ್ಮ, ಪೂರ್ತಿ ನಿಂತಿದೆ. ಅದಕ್ಕೇ ನಾಳೆ ಡಿಸ್ಚಾರ್ಜ್. ಬೆಳಿಗ್ಗೆಯೇ ಹೇಳಿರಬೇಕಲ್ಲ ಡಾಕ್ಟರು?” ಎಂದರು.

“ಅವರು ಹೇಳಿದ್ದು ಹ್ಞೂಂ ಅಂತ ಮಾತ್ರ,” ಎಂದಳು ಅಕ್ಕ. ಆಮೇಲೆ ದಿಂಬಿಗೆ ಒರಗಿ, ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಬೈಯಲು ಶುರುಮಾಡಿದಳು. ಅವಳು ಬೈದಳೆಂದರೆ ನಿರಾಳವಾಗಿದ್ದಾಳೆ ಎಂದರ್ಥ. “ನೋ ಡಿಸ್ಚಾರ್ಜ್, ಅದಕ್ಕೇ ಡಿಸ್ಚಾರ್ಜ್! ಇವರ ಭಾಷೆಗೆ ಪದಗಳ ಬರವೇನೇ? ಒಂದೇ ಪದನ ಎಷ್ಟು ಮನೆ ಕೆಲಸಕ್ಕೆ ಓಡಿಸ್ತಾರೆ!”

“ನಮ್ಮದೇನು ಕಡಿಮೆನಾ? ಕಾಲು ಕಿಲೋ ಸಕ್ಕರೆ ಕೊಡಪ್ಪ ಅಂದ್ರೆ ಅಂಗಡಿಯವನು ಯಾರ ಕಾಲನ್ನೂ ತೂಗಲ್ಲ.”

ಅಕ್ಕ ಗಾಯ ನೋಯುವಷ್ಟು ನಕ್ಕಳು.

ಮಾರನೆಯ ದಿನ ಹತ್ತೂವರೆಗೆ ಅವಳನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿದರು. ಗಂಟು ಅವಳ ತೊಡೆಯ ಮೇಲೆ. ಹೊರಡುವಾಗ ಹೂವಿನವಳು ಕರೆದಳು. “ಅಮ್ಮ, ನಂದೂ ಒಂದು ಸಲ ಓದಿ ಹೇಳಿ.”

ಓದಿದೆ. ವೂಂಡ್. ಸ್ಮಾಲ್ ಡಿಸ್ಚಾರ್ಜ್.

“ನೋ ಇಲ್ಲ ತಾನೆ? ಹಾಗಾದ್ರೆ ನಾನೂ ಹೊರಟೆ!” ಬೋರಲು ಮಲಗಿದ್ದವಳು ಒಂದೇ ಸಲಕ್ಕೆ ಮೊಣಕೈ ಊರಿ ಎದ್ದಳು. ಹಿಂದಿನ ದಿನ ಚಾರ್ಜರ್ ಹುಡುಕುವ ಗಡಿಬಿಡಿಯಲ್ಲಿ ನನ್ನ ಪಾಠ ಅವಳ ಕಿವಿಗೆ ಬಿದ್ದೇ ಇರಲಿಲ್ಲ.

ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುವಷ್ಟರಲ್ಲಿ ಅಕ್ಕ ಕುರ್ಚಿಯನ್ನು ಅವಳ ಮಂಚದ ಹತ್ತಿರಕ್ಕೆ ತಳ್ಳಿಸಿಕೊಂಡಳು.

“ಅವಸರ ಪಡಬೇಡಮ್ಮ. ಒಂದೇ ಪದ ಹಿಡ್ಕೊಂಡು ಓಡಬಾರದು, ಅಕ್ಕಪಕ್ಕ ನೋಡಬೇಕು. ಇನ್ನೂ ಸ್ವಲ್ಪ ಸೋರ್ತಿದೆ ಅಂತ ಅದು. ಸ್ವಲ್ಪನೇ. ನಂದು ಬಟ್ಟಲುಗಟ್ಟಲೆ ಬರ್ತಿತ್ತು, ನೋಡು, ಹೊರಟಿಲ್ವಾ ಈಗ?”

ಹೂವಿನವಳು ನಿಧಾನವಾಗಿ ಮಲಗಿದಳು. ಅಕ್ಕ ತನ್ನ ಗಂಟು ಬಿಚ್ಚಿ ತನ್ನ ಮೆತ್ತನೆಯ ದಿಂಬು ತೆಗೆದು ಅವಳ ಎದೆಯ ಕೆಳಗೆ ಸೇರಿಸಿದಳು. ನಮ್ಮ ಫೋನಿನ ಚಾರ್ಜರನ್ನೂ ಕೊಟ್ಟಳು. “ಸೋರೋದು ನಿಂತ ದಿನ ನನಗೆ ಫೋನ್ ಮಾಡು. ದಿಂಬು ವಾಪಸ್ ಬೇಕು ನನಗೆ.”

ಐದು ದಿನ ಕಳೆಯಿತು. ಅಂಗಡಿಯಿಂದ ಹಾಳೆಗಳನ್ನು ಮನೆಗೇ ತಂದಿದ್ದೆ. ಅಕ್ಕ ಕಾಲು ಚಾಚಿ ಕೂತು ಹೊಲಿಯುತ್ತಿದ್ದಳು, ನಾನು ಮಡಚುತ್ತಿದ್ದೆ. ಪಕ್ಕದ ಮನೆಯಿಂದ ಕಡ ತಂದ ಚಾರ್ಜರಿಗೆ ಸಿಕ್ಕಿಸಿಟ್ಟ ಫೋನು ಬಡಿದುಕೊಂಡಿತು. ತೆಗೆದೆ. ಹಲೋ ಇಲ್ಲ, ಯಾರು ಎಂದಿಲ್ಲ. ಆಚೆಯಿಂದ ಒಂದೇ ಕೂಗು. ಗೋಡೆಗೆ ಒರಗಿ ಕೂತ ಅಕ್ಕನಿಗೂ ಕೇಳಿಸುವಂಥ ಕೂಗು.

“ನೋ ಡಿಸ್ಚಾರ್ಜ್!”

ಅಕ್ಕ ದಬ್ಬಳವನ್ನು ಹಾಳೆಗೆ ಚುಚ್ಚಿಟ್ಟು ಎರಡೂ ಕೈ ತಟ್ಟಿದಳು. “ಎಷ್ಟೊತ್ತಿಗೆ ಹೊರಡ್ತಾಳಂತೆ ಕೇಳೇ! ದಿಂಬು ಮರೀಬೇಡ ಅನ್ನು!”

ಕೇಳುವಷ್ಟರಲ್ಲಿ ಆಚೆ ಕಡೆ ಫೋನು ಸತ್ತುಹೋಯಿತು.

“ಡಿಸ್ಚಾರ್ಜ್ ಆಯ್ತು,” ಎಂದಳು ಅಕ್ಕ, ಮತ್ತೆ ದಾರ ಎಳೆಯುತ್ತಾ.

ಫೋನೋ ಹೂವಿನವಳೋ ಎಂದು ನಾನು ಕೇಳಲಿಲ್ಲ. ಮುಂದಿನ ಹಾಳೆ ಮಡಚಿ ಅವಳ ಮುಂದಿಟ್ಟೆ.