ಬೀದಿಗೆದುರು ಚಪ್ಪರ

ಯೂಡಿತ್ ಮೆಂಕೊಗೆ ಮೆಲ್ಲಗೆ ಮಾತಾಡಿ ಅಭ್ಯಾಸವೇ ಇರಲಿಲ್ಲ. ಅವಳು ಕಿವಿಯಲ್ಲಿ ಗುಟ್ಟು ಹೇಳಿದರೂ ಐಸೆಲ್ ನದಿಯ ಆಚೆ ದಡದವರಿಗೆ ಕೇಳಿಸುತ್ತದೆ ಎಂದು ಊರಿನ ಯೆಹೂದಿ ಪ್ರಾರ್ಥನಾಮಂದಿರವಾದ ಸಿನಗಾಗಿನ ಮಂದಿ ಆಡಿಕೊಳ್ಳುತ್ತಿದ್ದರು. ಅದಕ್ಕೇ ಇರಬೇಕು, ಮುಂದೆ ಬರುವ ಕಾರ್ಯಕ್ರಮಗಳನ್ನು ಸಾರುವ ಕೆಲಸ ಮೊದಲಿನಿಂದಲೂ ಅವಳ ಪಾಲಿಗೇ ಬಂದಿತ್ತು. ಗೇಟಿನ ಪಕ್ಕದ ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಿದ್ದಳು. ಗುರುವಾರ ಪಾಠ. ಭಾನುವಾರ ವಯಸ್ಸಾದವರಿಗೆ ಸೂಪು, ಇಸ್ಪೀಟು. ಸುಕ್ಕೋತ್ ಹಬ್ಬದ ಮೊದಲ ಸಂಜೆ ಎಲ್ಲರಿಗೂ ಚಪ್ಪರದಲ್ಲಿ ಊಟ. ಮನೆಗೊಂದು ಅಡುಗೆ ತರುವುದು. ಹೋದ ವರ್ಷದ ಹಾಗೆ ಎಲ್ಲರೂ ಎಲೆಕೋಸನ್ನೇ ತಂದರೆ ಬಾಗಿಲಲ್ಲೇ ವಾಪಸ್ಸು ಕಳಿಸಲಾಗುವುದು.

ಈ ವರ್ಷ ಆ ಫಲಕ ಗೇಟಿನಿಂದ ಒಳಗೆ ಬಂದು, ಕೋಟು ನೇತುಹಾಕುವ ಗೂಟಗಳ ಪಕ್ಕ ಕೂತಿತ್ತು. ಅಧ್ಯಕ್ಷ ಮೌರಿಟ್ಸ್ ಜೆಂಡೈಕ್‌ನ ಅಪ್ಪಣೆ.

"ಒಳಗೆ ಬಂದು ಕೋಟು ಬಿಚ್ಚಿದೋರಿಗೆ ಬನ್ನಿ ಬನ್ನಿ ಅಂತ ಬರೆದು ಏನೋ ಸುಖ?" ಎಂದಿದ್ದಳು ಯೂಡಿತ್.

"ಸುಖ ಬೇಡ, ಕ್ಷೇಮ ಸಾಕು," ಎಂದಿದ್ದ ಮೌರಿಟ್ಸ್. ಹಲ್ಲಿನ ಡಾಕ್ಟರಾಗಿ ನಿವೃತ್ತನಾದವನು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹೀಬ್ರೂ ಅಕ್ಷರ ತಿದ್ದಿದವರಾದ್ದರಿಂದ ಏಕವಚನ, ಬೈಗುಳ ಎಲ್ಲ ಸಲೀಸಾಗಿ ನಡೆಯುತ್ತಿತ್ತು.

ಅವನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹೋದ ಚಳಿಗಾಲದಲ್ಲಿ, ದೀಪದ ಹಬ್ಬದ ಸಂಜೆ, ಅವನ ಹೆಂಡತಿ ಹೆನ್ನಿ ಕಿಟಕಿಯ ಹತ್ತಿರ ನಿಂತು ಎಲ್ಲರಿಗೂ ಬಿಸಿ ಬಿಸಿ ಎಣ್ಣೆತಿಂಡಿ ಬಡಿಸುತ್ತಿದ್ದಳು. ಬೀದಿಯಿಂದ ಒಂದು ಕಲ್ಲು ಬಂತು. ಗಾಜು ಒಡೆದು ಅವಳ ಹುಬ್ಬಿನ ಮೇಲೆ ಹೊಕ್ಕಿತು. ಕಣ್ಣು ಉಳಿದದ್ದು ಕೂದಲೆಳೆಯಲ್ಲಿ. ಎಸೆದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ಕಿಟಕಿಗಳಿಗೆ ಜಾಲರಿ ಬಂತು, ಗೇಟಿಗೆ ಕ್ಯಾಮೆರಾ ಬಂತು, ಹಿಂದಿನ ಅಂಗಳದ ಮೇಲೆ ಗೋಡೆಯಿಂದ ಗೋಡೆಗೆ ದಪ್ಪ ಪ್ಲಾಸ್ಟಿಕ್ಕಿನ ಮಾಡು ಬಂತು. ಹೆನ್ನಿ ಹಿಂಬಾಗಿಲಿನಿಂದ ಬಂದು, ಕೊನೆಯ ಸಾಲಿನಲ್ಲಿ ಕೂತು, ಹಿಂಬಾಗಿಲಿನಿಂದಲೇ ಹೋಗುವುದನ್ನು ರೂಢಿ ಮಾಡಿಕೊಂಡಳು. ಹಿಂದೆ ಊರಿಗೆಲ್ಲ ಕೇಳುವಂತೆ ನಗುತ್ತಿದ್ದವಳು.

ಯೂಡಿತ್‌ಗೆ ಇದೆಲ್ಲ ಅರ್ಥವಾಗುತ್ತಿರಲಿಲ್ಲ ಎಂದಲ್ಲ. ಅರ್ಥವಾಗಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವಳ ತಾಯಿ ಯುದ್ಧಕಾಲದಲ್ಲಿ, ಹತ್ತು ವರ್ಷದ ಹುಡುಗಿ, ಒಬ್ಬ ರೈತನ ಹುಲ್ಲಟ್ಟದ ಮೇಲೆ ಕೆಮ್ಮದೆ ಸೀನದೆ ಅವಿತು ಬದುಕಿದವಳು. ಯುದ್ಧ ಮುಗಿದು ಎಂಬತ್ತು ವರ್ಷವಾದರೂ ಬೀದಿ ಕಡೆಯ ಪರದೆ ಸರಿಸಲಿಲ್ಲ. ಬಾಗಿಲ ಗಂಟೆ ಬಾರಿಸಿದರೆ ದೀಪ ಆರಿಸುತ್ತಿದ್ದಳು. ಮಾರ್ಚಿನಲ್ಲಿ ತಾಯಿ ತೀರಿಕೊಂಡಳು. ದುಃಖದ ಏಳು ದಿನ ಮುಗಿದ ಮರುಬೆಳಗ್ಗೆ ಯೂಡಿತ್ ಮಾಡಿದ ಮೊದಲ ಕೆಲಸ, ಆ ಮನೆಯ ಪರದೆಗಳನ್ನು ಸರಳು ಸಮೇತ ಕಿತ್ತು ಹಾಕಿದ್ದು. ಒಂದು ಜೀವಮಾನಕ್ಕೆ ಸಾಲುವಷ್ಟು ಪರದೆ ನೋಡಿದ್ದಾಯಿತು, ಇನ್ನು ನನ್ನ ಕೈಲಾಗದು ಎಂದು ಅವತ್ತೇ ತೀರ್ಮಾನಿಸಿದ್ದಳು.

ಹಬ್ಬದ ಬೆಳಗ್ಗೆ ಅವಳು ಬಣ್ಣದ ಕಾಗದದ ಸರ, ಪುಟ್ಟ ಸೋರೆಕಾಯಿಗಳು ತುಂಬಿದ ಬುಟ್ಟಿ ಹಿಡಿದು ಹಿಂದಿನ ಅಂಗಳಕ್ಕೆ ಬಂದಾಗ ಚಪ್ಪರ ಎದ್ದು ನಿಂತಿತ್ತು. ನಾಲ್ಕು ಕಡೆ ಕ್ಯಾನ್ವಾಸು, ಮೇಲೆ ನದಿದಂಡೆಯಿಂದ ಕೊಯ್ದು ತಂದ ಜೊಂಡು, ಹೇಜಲ್ ಗಿಡದ ಸೊಪ್ಪು. ಕಟ್ಟಿದ ಗಂಡಸರು ಸೊಂಟದ ಮೇಲೆ ಕೈಯಿಟ್ಟು ತಮ್ಮ ಪ್ರತಾಪ ತಾವೇ ನೋಡಿಕೊಳ್ಳುತ್ತಿದ್ದರು. ಊರಿಗೆಲ್ಲ ಚಿಕ್ಕಮ್ಮನಾದ ಸೆಲ್ಮಾ, ವಯಸ್ಸು ಎಂಬತ್ತು ದಾಟಿದವಳು, ಕುರ್ಚಿಯಲ್ಲಿ ಕೂತು ತಪ್ಪು ಹುಡುಕುತ್ತಿದ್ದಳು. ಯೂಡಿತ್ ಕಾಗದದ ಸರ ಕಟ್ಟಲು ಕತ್ತೆತ್ತಿದಳು. ಎತ್ತಿದ ಕತ್ತು ಇಳಿಸಲಿಲ್ಲ.

"ಮೌರಿಟ್ಸ್, ಸೊಪ್ಪಿನ ಮೇಲೆ ಏನೋ ಅದು?"

"ಆಕಾಶ," ಎಂದ ಮೌರಿಟ್ಸ್, ನೋಡದೆ.

"ಆಕಾಶಕ್ಕೆ ಯಾವಾಗಿಂದ ಬೋಲ್ಟು ಹಾಕ್ತಾರೆ?"

ಎಲ್ಲರೂ ಮೇಲೆ ನೋಡಿದರು. ಸೊಪ್ಪಿನ ಸಂದಿಯಲ್ಲಿ ಪ್ಲಾಸ್ಟಿಕ್ ಮಾಡು ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಸುಕ್ಕೋತ್ ಚಪ್ಪರಕ್ಕೆ ಇರುವ ನಿಯಮಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಇದು: ಸೊಪ್ಪಿನ ಮೇಲೆ ಬಯಲು ಆಕಾಶ ಇರಬೇಕು, ಮಾಡು ಹಾಗಿರಲಿ, ಮರದ ಕೊಂಬೆ ಕೂಡ ಅಡ್ಡ ಬರಕೂಡದು. ನಿದ್ದೆಗಣ್ಣಲ್ಲೂ ಇದನ್ನು ಒಪ್ಪಿಸಬಲ್ಲ ಗಂಡಸರು ಅಷ್ಟು ಜನ ಸೇರಿ, ಬೆಳಗ್ಗಿನಿಂದ ಬೆವರಿಳಿಸಿ, ಮಾಡಿನ ಕೆಳಗೆ ಚಪ್ಪರ ಕಟ್ಟಿದ್ದರು. ಹೂರಣ ಮರೆತು ಹೋಳಿಗೆ ತಟ್ಟಿದ ಹಾಗೆ.

ಮೊದಲು ನಕ್ಕವಳು ಸೆಲ್ಮಾ ಚಿಕ್ಕಮ್ಮ. "ಅಯ್ಯೋ ಜಾಣರಾ! ದೇವರು ನಿಮ್ಮನ್ನ ಹುಡುಕ್ಬೇಕು ಅಂದ್ರೆ ಟಾರ್ಚ್ ತಗೊಂಡು ಬರ್ಬೇಕು!"

ಮಾಡು ಬಿಚ್ಚುವಂತಿರಲಿಲ್ಲ, ಗೋಡೆಗೆ ಸೇರಿಸಿ ಬಿಗಿದಿದ್ದರು. ಮೌರಿಟ್ಸ್ ಆಮ್‌ಸ್ಟರ್‌ಡಾಮಿನ ಧರ್ಮಗುರು ರಬ್ಬಿಗೆ ಫೋನು ಮಾಡಿದ. ಅವರು ನಕ್ಕರೋ ಅತ್ತರೋ ಗೊತ್ತಾಗಲಿಲ್ಲ, ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ. ಮಾತು ಮುಗಿಸಿ ಬಂದವನ ಮುಖದಲ್ಲಿ ಹೊರೆ ಇಳಿಸಿದ ನೆಮ್ಮದಿ ಇತ್ತು.

"ಈ ಚಪ್ಪರ ನಡೆಯಲ್ಲವಂತೆ. ಆದ್ರೆ ಅಪಾಯ ಇರೋ ಕಡೆ ಚಪ್ಪರದಲ್ಲಿ ಕೂರಲೇಬೇಕು ಅಂತಿಲ್ಲ, ವಿನಾಯಿತಿ ಇದೆ. ಒಳಗಿನ ಹಾಲ್‌ನಲ್ಲಿ ಊಟ ಮಾಡೋಣ. ಪಾಪ ಇಲ್ಲ, ಏನಿಲ್ಲ."

"ಮುಂದುಗಡೆ ಅಂಗಳ ಇದೆಯಲ್ಲ," ಎಂದಳು ಯೂಡಿತ್. "ಅದರ ಮೇಲೆ ಬೋಲ್ಟ್ ಹಾಕಿಲ್ಲ ಇನ್ನೂ."

"ಮುಂದುಗಡೆ ಬೀದಿ ಇದೆ."

"ಇರ್ಲಿ. ಬೀದೀಗೆ ನಾನೇನೂ ಊಟಕ್ಕೆ ಕರೆದಿಲ್ಲ."

"ವಿನಾಯಿತಿ ಇದ್ದೂ ಹೋಗಿ ಕೂರೋನನ್ನ ಶಾಸ್ತ್ರ ಏನಂತ ಕರೆಯುತ್ತೆ, ಗೊತ್ತಾ ನಿಂಗೆ? ಪೆದ್ದ ಅಂತ!"

"ಹಾಗಾದ್ರೆ ನಾನು ಪೆದ್ದಿ. ಕಂಬ ಬಿಚ್ಚಿ ಕೊಡು."

ಮೌರಿಟ್ಸ್ ಹತ್ತಿರ ಬಂದ. ಅವನ ದನಿ ತಗ್ಗಿತು. "ಅವತ್ತು ಅವಳ ಕಣ್ಣೊಳಗಿಂದ ರಕ್ತ ಒರೆಸಿದ್ದು ನಾನು ಕಣೇ, ನೀನಲ್ಲ. ಕಣ್ಣು ಇದೆಯೋ ಇಲ್ವೋ ಅಂತ ಗೊತ್ತಿಲ್ದೆ ಒರೆಸ್ತಿದ್ದೆ. ನೀನು ಧೈರ್ಯದ ಮಾತಾಡ್ಬೇಡ ನನ್ನ ಹತ್ರ."

ಯೂಡಿತ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಅವನು ಹೇಳಿದ್ದು ನಿಜ. ಆ ಸಂಜೆ ಅವಳೂ ಅಲ್ಲಿದ್ದಳು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಕಿರುಚಲೂ ದನಿ ಬಂದಿರಲಿಲ್ಲ. ಆಮೇಲೆ ಹೆನ್ನಿಯ ಜೊತೆ ಆ ವಿಷಯ ಎತ್ತುವ ಧೈರ್ಯವೂ ಆಗಿರಲಿಲ್ಲ. ಸೋರೆಕಾಯಿ ಬುಟ್ಟಿಯನ್ನು ಕೆಳಗಿಟ್ಟಳು.

"ನೀನು ಬಂದು ಕೂರು ಅಂತ ಹೇಳ್ತಿಲ್ಲ ನಾನು," ಎಂದಳು. "ಯಾರಿಗೂ ಹೇಳಲ್ಲ. ಅಮ್ಮ ಹುಲ್ಲಟ್ಟದ ಮೇಲೆ ಕೂತಿದ್ಲು, ಅವಳಿಗೆ ಬೇರೆ ದಾರಿ ಇರ್ಲಿಲ್ಲ. ನಂಗಿದೆ. ಇದ್ದೂ ಅವಿತ್ಕೊಂಡ್ರೆ ನಾಳೆ ನಂಗೆ ನನ್ನ ಮುಖ ನೋಡ್ಕೊಳ್ಳಕ್ಕಾಗಲ್ಲ. ಕಂಬ ಕೊಡು, ಅಷ್ಟೇ."

ಮೌರಿಟ್ಸ್ ಒಳಗೆ ಹೋದ. ಬೇಡ ಎನ್ನಲಿಲ್ಲ. ಗಂಡಸರು ಮುಖ ಮುಖ ನೋಡಿಕೊಂಡು ಚಪ್ಪರ ಬಿಚ್ಚಿ, ಕಂಬ, ಕ್ಯಾನ್ವಾಸು, ಸೊಪ್ಪಿನ ಹೊರೆಯನ್ನು ಮುಂಬಾಗಿಲ ತನಕ ಹೊತ್ತು ತಂದಿಟ್ಟರು. ಹೊಸ್ತಿಲು ದಾಟಲಿಲ್ಲ.

"ಗಾಜಿನ ಗೊಂಬೆಗಳು," ಎಂದು ಬೈದುಕೊಂಡು ಸೆಲ್ಮಾ ಚಿಕ್ಕಮ್ಮ ಸ್ಕ್ರೂಗಳನ್ನು ಏಪ್ರನ್ನಿನಲ್ಲಿ ತುಂಬಿಕೊಂಡು ಹೊರಗೆ ಬಂದಳು.

ಮುಂದಿನ ಅಂಗಳವೆಂದರೆ ಬಾಗಿಲಿಗೂ ಕಬ್ಬಿಣದ ಬೇಲಿಗೂ ನಡುವಿನ ಉದ್ದನೆಯ ಕಲ್ಲುಹಾಸು. ಬೇಲಿಯಾಚೆ ಸೈಕಲ್ ದಾರಿ, ಅದರಾಚೆ ಬೇಕರಿ. ಯೂಡಿತ್ ಒಂದು ಕಂಬ ನಿಲ್ಲಿಸಿದರೆ ಇನ್ನೊಂದು ಮಲಗುತ್ತಿತ್ತು. ನದಿಯ ಗಾಳಿ ಕ್ಯಾನ್ವಾಸನ್ನು ಅವಳ ಮುಖಕ್ಕೇ ಸುತ್ತುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ದಡಿಯ ಸೈಕಲ್ ನಿಲ್ಲಿಸಿ ನೋಡಿದ.

"ಮೀನಿನಂಗಡೀನಾ?"

"ಅಲ್ಲ, ಊಟದ ಮನೆ. ನಾವೇ ಮಾಡ್ಕೊಂಡು ನಾವೇ ತಿನ್ನೋದು. ಆ ಕಂಬ ಸ್ವಲ್ಪ ಹಿಡ್ಕೊಳ್ರೀ!" ಎಂದಳು ಯೂಡಿತ್.

ಅವನು ಬೇಲಿಯ ಮೇಲಿಂದ ಕೈಚಾಚಿ ಹಿಡಿದುಕೊಂಡ, ಅವಳು ಬಿಗಿಯುವ ತನಕ. ಆಮೇಲೆ ಚೆನ್ನಾಗಿ ಉಣ್ಣಿ ಎಂದು ಹಾರೈಸಿ ಹೊರಟುಹೋದ. ಏನು ಹಿಡಿದೆ ಎಂದು ಅವನಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಹೊತ್ತು ಮುಳುಗುವ ಹೊತ್ತಿಗೆ ಚಪ್ಪರ ನಿಂತಿತ್ತು. ಮೊದಲಿನದರ ಅರ್ಧದಷ್ಟೂ ಇಲ್ಲ, ಕುಡಿದವನ ಹಾಗೆ ಎಡಕ್ಕೆ ವಾಲಿತ್ತು. ಬೀದಿ ಕಡೆಯ ಗೋಡೆಗೆ ಕ್ಯಾನ್ವಾಸು ಸಾಲದೆ ಅದು ಬಯಲಾಗಿಯೇ ಉಳಿದಿತ್ತು. ಮೂರು ಗೋಡೆ ಇದ್ದರೆ ಶಾಸ್ತ್ರಕ್ಕೆ ಸಾಕು. ಮೇಲೆ ಸೊಪ್ಪಿನ ಸಂದಿಯಲ್ಲಿ ಮೋಡ ತುಂಬಿದ ಆಕಾಶ. ಸೊಪ್ಪಿನ ಸಂದಿಯಲ್ಲಿ ನಕ್ಷತ್ರ ಕಾಣಬೇಕೆನ್ನುವುದು ವಾಡಿಕೆ, ಆದರೆ ಆ ಊರಿನಲ್ಲಿ ಕಾಣಲೇಬೇಕೆಂದರೆ ಹಬ್ಬವನ್ನೇ ಮುಂದಕ್ಕೆ ಹಾಕಬೇಕಾಗುತ್ತದೆ; ಅಡ್ಡ ಏನೂ ಇಲ್ಲದಿದ್ದರೆ ಆಯಿತು.

ಪ್ರಾರ್ಥನೆ ಮುಗಿಯಿತು. ಹಾಲ್‌ನಲ್ಲಿ ಮೇಜು ಹಾಸಿ, ಸೂಪು, ಮೀನು, ಶುಂಠಿ ಬನ್ನು, ಹೇಳಿದರೂ ಕೇಳದೆ ತಂದ ಎಲೆಕೋಸು ಎಲ್ಲ ಜೋಡಿಸಿದ್ದರು. ಯೂಡಿತ್ ತನ್ನ ತಟ್ಟೆ ಎತ್ತಿಕೊಂಡಳು. ಎಲ್ಲರೂ ಮೇಜುಬಟ್ಟೆಯ ಹೂವು ಎಣಿಸುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂತ ಹೆನ್ನಿ ಮಾತ್ರ ಅವಳನ್ನೇ ನೋಡುತ್ತಿದ್ದಳು. ಯೂಡಿತ್ ಯಾರನ್ನೂ ಕರೆಯಲಿಲ್ಲ. ಹೊರಗೆ ನಡೆದಳು. ಹಿಂದೆಯೇ ಸೆಲ್ಮಾ ಚಿಕ್ಕಮ್ಮನ ಊರುಗೋಲಿನ ಸದ್ದು ಬಂತು.

ಇಬ್ಬರೇ ಕೂತರು. ಬೀದಿದೀಪದ ಬೆಳಕಿನಲ್ಲಿ ಅಂಗಡಿಯ ಕಪಾಟಿನಲ್ಲಿಟ್ಟ ಹಾಗೆ ಎದ್ದು ಕಾಣುತ್ತಿದ್ದರು. ಸೂಪಿಗೆ ಚಮಚ ಹಾಕುವ ಮೊದಲೇ ಒಂದು ಕಾರು ನಿಧಾನವಾಯಿತು. ಕಿಟಕಿ ಇಳಿಯಿತು.

"ಬಂದ ಕಡೆಗೇ ಹೋಗ್ರೋ!" ಎಂದು ಯಾವನೋ ಕೂಗಿದ. ಒಳಗಿದ್ದವರು ಕೇಕೆ ಹಾಕಿದರು.

ಸೆಲ್ಮಾ ಚಿಕ್ಕಮ್ಮ ಚಮಚ ಕೆಳಗಿಟ್ಟಳು. "ನಾನು ಬಂದಿದ್ದು ಹಿಂದಿನ ಬೀದಿಯಿಂದ ಕಣಪ್ಪಾ! ಉಂಡಾದ್ಮೇಲೆ ಅಲ್ಲಿಗೇ ಹೋಗೋದು! ಬಿಡ್ತೀಯಾ ಕಾರಲ್ಲಿ? ಮಂಡಿ ನೋವು!"

ಕಾರು ಹೋಯಿತು. ಯೂಡಿತ್ ಏನಾದರೂ ಕೂಗಬೇಕೆಂದು ಬಾಯಿ ತೆರೆದಿದ್ದಳು. ಮತ್ತೆ ಅದೇ, ದನಿ ಬರಲಿಲ್ಲ. ಅವಳಿಗೆ ಭಯವಾಗಿತ್ತು. ಒಳಗೆ ಹೋಗಿಬಿಡಲೇ ಎಂದುಕೊಂಡಳು. ನಾಲ್ಕು ಹೆಜ್ಜೆ, ಒಂದು ಬಾಗಿಲು, ಯಾರೂ ಏನೂ ಅನ್ನುವುದಿಲ್ಲ. ಕಾಲನ್ನು ಕಲ್ಲುಹಾಸಿಗೆ ಒತ್ತಿ ಹಿಡಿದು ಕೂತಳು.

ಬಾಗಿಲು ತೆರೆಯಿತು. ಹೆನ್ನಿ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಕುರ್ಚಿ ಎಳೆದುಕೊಂಡು ಹೊಸ್ತಿಲು ದಾಟಿ ಬಂದಳು. ಆ ಕಲ್ಲು ಬಿದ್ದ ಮೇಲೆ ಮುಂಬಾಗಿಲಿನಿಂದ ಅವಳು ಬಂದದ್ದು ಇದೇ ಮೊದಲು. ಹುಬ್ಬಿನ ಮೇಲಿನ ಗಾಯದ ಗೆರೆ ದೀಪದಲ್ಲಿ ಬೆಳ್ಳಗೆ ಕಾಣುತ್ತಿತ್ತು.

"ಕಾರು ಕೂಗಿದ್ದು ಒಳಗೂ ಕೇಳಿಸ್ತು," ಎಂದಳು.

"ಹೆನ್ನಿ, ನೀನು ಬರ್ಲೇಬೇಕು ಅಂತೇನಿಲ್ಲ. ನಾನು ಹಟಕ್ಕೆ..."

"ಬೆಳಗ್ಗಿಂದ ಅಡುಗೆಮನೇಲಿ ಕೂತು ಕೇಳ್ತಿದೀನಿ. ನನ್ನ ಕಣ್ಣು, ನನ್ನ ರಕ್ತ, ನನ್ನ ಭಯ. ಎಲ್ರೂ ಅದರ ಮೇಲೆ ಮಾತಾಡಿದ್ರಿ, ನೀನೂ ಆಡ್ದೆ, ಅವನೂ ಆಡ್ದ. ನನ್ನ ಯಾರಾದ್ರೂ ಕೇಳಿದ್ರಾ?" ಹೆನ್ನಿಯ ದನಿ ನಡುಗುತ್ತಿತ್ತು, ಭಯದಿಂದಲ್ಲ. "ಹತ್ತು ತಿಂಗಳಿಂದ ಕಳ್ಳಿ ಥರ ಹಿಂಬಾಗಿಲಲ್ಲಿ ಬರ್ತಿದೀನಿ. ಕಲ್ಲು ಹೊಡೆದೋನು ಯಾವ ಬಾಗಿಲಿಂದ ಓಡಾಡ್ತಿದಾನೋ! ಸಾಕು ನಂಗೆ. ಸರ್ಕೋ ಆ ಕಡೆ."

ಯೂಡಿತ್ ಸರಿದಳು. ಅವಳ ಕಣ್ಣು ತುಂಬಿ ಬಂತು, ತಡೆಯಲು ಹೋಗಲಿಲ್ಲ.

ಹೆನ್ನಿಯ ಹಿಂದೆ ಬಾಗಿಲು ಮುಚ್ಚಲೇ ಇಲ್ಲ. ಮೊದಲು ಕಂಬ ಹೊತ್ತವರಲ್ಲಿ ಇಬ್ಬರು ಬಂದರು, ಆಮೇಲೆ ಅವರ ಹೆಂಡಂದಿರು, ಆಮೇಲೆ ಎಲೆಕೋಸಿನ ಪಾತ್ರೆ, ಆಮೇಲೆ ಮಿಕ್ಕವರು. ಚಪ್ಪರದಲ್ಲಿ ಮೊಣಕೈ ಆಡಿಸಲು ಜಾಗವಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಮೌರಿಟ್ಸ್ ಬಂದ, ಬೆಳ್ಳಿ ಬಟ್ಟಲಿನಲ್ಲಿ ವೈನ್ ಹಿಡಿದುಕೊಂಡು, ಮುಖ ಸುಣ್ಣದ ಹಾಗೆ ಬೆಳ್ಳಗೆ ಮಾಡಿಕೊಂಡು. ತನ್ನ ಕುರ್ಚಿಯನ್ನು ಬಯಲು ಬದಿಗೆ ಎಳೆದು, ಬೀದಿಗೆ ಬೆನ್ನು ಹಾಕಿ, ಹೆನ್ನಿಯ ಎದುರಿಗೆ ನೇರವಾಗಿ ಇಟ್ಟುಕೊಂಡ. ಏನು ಬಂದರೂ ಮೊದಲು ಅವನ ಬೆನ್ನಿಗೇ ಬರಬೇಕು, ಹಾಗೆ. ನಿಂತು, ಬಟ್ಟಲೆತ್ತಿ ಹಬ್ಬದ ಸ್ತುತಿಮಂತ್ರ ಹೇಳಿದ. ಎಲ್ಲರೂ ಆಮೆನ್ ಎಂದಾಗ ಬೇಕರಿಯ ಮಹಡಿಯಲ್ಲಿ ಯಾರೋ ಕಿಟಕಿ ತೆರೆದು ನೋಡಿದರು.

ಅವನು ಕೂತ. ಹೆನ್ನಿ ಸೂಪಿನ ತಟ್ಟೆಯಿಂದ ತಲೆಯೆತ್ತಿ, ಗಂಡನ ಅಗಲವಾದ ಭುಜವನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ಇಣುಕಿ ನೋಡಿದಳು.

"ಸ್ವಲ್ಪ ಪಕ್ಕಕ್ಕೆ ಹೋಗು ಮಾರಾಯಾ," ಎಂದಳು. "ಬೀದಿ ಕಾಣಿಸ್ತಿಲ್ಲ ನಂಗೆ."

ಮೌರಿಟ್ಸ್ ಅವಳ ಮುಖವನ್ನೇ ನೋಡಿದ. ಆಮೇಲೆ ಎದ್ದು ಕುರ್ಚಿ ಸರಿಸಿದ.