ಸೋರುವ ಮೂಲೆಯ ಫೋಟೊ

ಕೊಟ್ಟೂರಿನ ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಹಬ್ಬಿ, ಮಳೆಗಾಲ ಮುಗಿದು ಚಳಿ ಬಿದ್ದರೂ ಒಬ್ಬರೂ ಬಂದು ಬಾಗಿಲು ತಟ್ಟಿರಲಿಲ್ಲ. ಮಂಜಮ್ಮ ಮತ್ತು ಅವಳ ಗಂಡ ಕಾಂತೇಶ್ ಕಾನಹೊಸಹಳ್ಳಿಯ ಹೈವೇ ಪಕ್ಕ ಖಾನಾವಳಿ ಇಟ್ಟಿದ್ದರು. ವ್ಯಾಪಾರ ಕೈಹಿಡಿದಿತ್ತು. ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಈ ಮನೆ ಕೊಟ್ಟು ಅಲ್ಲೇ ಒಂದು ಮನೆ ಮಾಡಿಕೊಳ್ಳಬೇಕೆಂದು ಇಬ್ಬರೂ ಗಟ್ಟಿ ಮನಸ್ಸು ಮಾಡಿದ್ದರು.

ದಲ್ಲಾಳಿ ಚೌಡಣ್ಣ ವಾಟ್ಸಾಪ್ ಗ್ರೂಪಿಗೆ ಹಾಕಲು ಫೋಟೊ ಕೇಳಿದಾಗ ಕಾಂತೇಶನೇ ಮೊಬೈಲಿನಲ್ಲಿ ಪಟಪಟ ಹೊಡೆದು ಕಳಿಸಿದ್ದ. ಒಂದರಲ್ಲಿ ಅರ್ಧ ಬೈಕು, ಇನ್ನೊಂದರಲ್ಲಿ ಹಗ್ಗದ ತುಂಬ ಒಣಹಾಕಿದ ಬಟ್ಟೆ. ಪಡಸಾಲೆಯ ಫೋಟೊದಲ್ಲಿ ಪಡಸಾಲೆಗಿಂತ ಅವನ ಹೆಬ್ಬೆರಳೇ ದೊಡ್ಡದಾಗಿ ಕಾಣುತ್ತಿತ್ತು.

"ನಿಮ್ಮನಿ ಫೋಟೊ ನೋಡಿದೋರು ಉಳ್ಳಾಗಡ್ಡಿ ಗೋದಾಮು ಅನ್ಕಂಡಾರ ನೋಡವ್ವ," ಎಂದು ಚೌಡಣ್ಣ ಒಂದು ದಿನ ಮಂಜಮ್ಮನ ಮುಂದೆ ಬಾಯಿಬಿಟ್ಟು ಹೇಳಿದ.

ಮಂಜಮ್ಮನಿಗೆ ಆಗ ನೆನಪಾದದ್ದು ಪುಷ್ಪಲತಾ. ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟುಡಿಯೊ ಇಟ್ಟುಕೊಂಡು ಮದುವೆ, ತೊಟ್ಟಿಲು ಕಾರ್ಯಗಳ ಫೋಟೊ ತೆಗೆಯುವ ಹೆಣ್ಣುಮಗಳು.

"ಮದುವಿ ಫೋಟೊ ತೆಗಿಯಾಕಿನ್ನ ಕರಸ್ತೀಯೇನು? ಮನಿ ಏನು ಮದುಮಗಳಾ?" ಎಂದು ಕಾಂತೇಶ್ ನಕ್ಕ. ಮಂಜಮ್ಮ ಕೇಳಲಿಲ್ಲ.

ಪುಷ್ಪಲತಾ ಹೇಳಿದ ಹೊತ್ತಿಗೆ ಬರಲಿಲ್ಲ. ಬಂದವಳು ಕ್ಯಾಮೆರಾದ ಚೀಲವನ್ನೂ ಬಿಚ್ಚಲಿಲ್ಲ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಸುಮ್ಮನೆ ಅಡ್ಡಾಡಿದಳು. ಆಮೇಲೆ ಕೇಳಿದಳು: "ಅಕ್ಕಾರ, ಕೆಲಸ ಇಲ್ದಾಗ ನೀವು ಎಲ್ಲಿ ಕುಂದರ್ತೀರಿ?"

ಇಂಥ ಪ್ರಶ್ನೆಯನ್ನು ಮಂಜಮ್ಮನಿಗೆ ಯಾರೂ ಕೇಳಿರಲಿಲ್ಲ. ಹಿತ್ತಲ ಬಾಗಿಲಿನ ಮೆಟ್ಟಿಲು ತೋರಿಸಿದಳು. "ಇಲ್ಲೇರಿ. ಬೇವಿನ ಗಾಳಿ ಬರ್ತೈತಿ. ಅಕ್ಕಿ ಹಸನ ಮಾಡ್ಕೋಂತ ಕುಂದರ್ತೀನಿ."

"ಹಂಗಾರ ಇದು ಮೊದಲು ಬೇಕು," ಎಂದ ಪುಷ್ಪಲತಾ ಅಪ್ಪಣೆಗಳ ಮಳೆ ಸುರಿಸಿದಳು. ಶೇಂಗಾ ಚೀಲ ಹೊರಗೆ. ಹಳೇ ಕ್ಯಾಲೆಂಡರುಗಳು ಕೆಳಗೆ. ಕಿಟಕಿಗೆ ಬಡಿದ ಪ್ಲಾಸ್ಟಿಕ್ ಹಾಳೆ ಕೀಳಬೇಕು. ಕಾಂತೇಶ್ ಬೆವರು ಸುರಿಸಿ ಎಲ್ಲ ಮುಗಿಸುವಷ್ಟರಲ್ಲಿ ಅವಳು ಬಾಗಿಲ ಕಡೆ ನೋಡಿ, "ಬಿಸಿಲು ಮ್ಯಾಲೇರಿತು. ನಾಳಿ ಬರ್ತೀನ್ರಿ," ಎಂದು ಹೊರಟೇಬಿಟ್ಟಳು. ಆ ದಿನ ಕಾಂತೇಶ್ ಆಡಿದ ಮಾತುಗಳನ್ನು ಬರೆಯುವಂತಿಲ್ಲ.

ಮರುದಿನ ಬೆಳಿಗ್ಗೆಯೇ ಬಂದಳು. ಟ್ಯೂಬ್‌ಲೈಟ್ ಆರಿಸಿ, ಮುಂಬಾಗಿಲು, ನಡುಬಾಗಿಲು, ಹಿತ್ತಲ ಬಾಗಿಲು ಮೂರನ್ನೂ ತೆರೆಸಿ, ಪಡಸಾಲೆಯ ಮೂಲೆಯಲ್ಲಿ ಮಂಡಿಯೂರಿ ಕುಳಿತಳು. ಕುಳಿತೇ ಇದ್ದಳು. ಹೊಸ್ತಿಲು ದಾಟಿದ ಬಿಸಿಲು ಕಡಪ ಕಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತ ಒಳಬಂತು. ಕರಿ ಕಲ್ಲು ಹೊಳೆಯಿತು, ಮೂರು ಬಾಗಿಲುಗಳಾಚೆ ಬೇವಿನ ಹಸಿರು ಕಂಡಿತು. ಆಗ ಕ್ಯಾಮೆರಾ ಸದ್ದು ಮಾಡಿತು. ಮಂಜಮ್ಮ ಬಗ್ಗಿ ಪುಟ್ಟ ಪರದೆಯಲ್ಲಿ ಅದನ್ನು ನೋಡಿದಳು. ದಿನಾ ಕಸ ಹೊಡೆದ ನೆಲವೇ ಅದು. ಪುಷ್ಪಲತಾ ಏನನ್ನೂ ಸೇರಿಸಿರಲಿಲ್ಲ, ಕಾಯ್ದಿದ್ದಳು ಅಷ್ಟೆ.

ಜಗಳ ಹತ್ತಿದ್ದು ಅಡುಗೆಮನೆಯಲ್ಲಿ. ಮಳೆಗೆ ಸೋರಿ ಕಲೆಗಟ್ಟಿದ ಮೂಲೆಗೆ ಕಾಂತೇಶ್ ಪಾತ್ರೆ ಸ್ಟ್ಯಾಂಡು ಅಡ್ಡ ಇಟ್ಟಿದ್ದ.

"ಅದನ್ನ ಸರಸ್ರಿ," ಎಂದಳು ಪುಷ್ಪಲತಾ.

"ಯಾಕ? ಸೋರಾದನ್ನ ಊರಿಗೆಲ್ಲ ತೋರಸ್ಬೇಕೇನು? ನಿನ್ನ ಕರಸಿದ್ದು ಮನಿ ಮಾರಾಕವ್ವ, ಕೆಡಸಾಕಲ್ಲ!"

"ಅಣ್ಣಾರ, ಬಂದೋರು ಹೆಂಗೂ ನೋಡ್ತಾರ. ಇಲ್ಲಿ ಬಂದು ನೋಡಿದ್ರ ಮೋಸ ಅಂತಾರ, ಫೋಟೊದಾಗ ನೋಡಿ ಬಂದ್ರ ರಿಪೇರಿ ಅಂತಾರ. ಸುಳ್ಳು ಫೋಟೊ ನಾನು ತೆಗಿಯಂಗಿಲ್ರಿ."

ಕಾಂತೇಶ್ ಹೆಂಡತಿಯ ಮುಖ ನೋಡಿದ. ಮಂಜಮ್ಮ ತಾನೇ ಹೋಗಿ ಸ್ಟ್ಯಾಂಡು ಸರಿಸಿದಳು.

ಚೌಡಣ್ಣ ಹೊಸ ಫೋಟೊ ಹಾಕಿದ ಮೇಲೆ ಹಡಗಲಿ, ಹರಪನಹಳ್ಳಿ ಕಡೆಯಿಂದೆಲ್ಲ ಫೋನು ಬರತೊಡಗಿದವು. ಮೂಲೆ ನೋಡಿ ಬೇಡವೆಂದವರೂ ಇದ್ದರು, ಆಗೆಲ್ಲ ಕಾಂತೇಶ್ ಮುಖ ಗಂಟಿಕ್ಕುತ್ತಿದ್ದ. ಕೊನೆಗೆ ಹಿರೇಹಡಗಲಿಯಿಂದ ಏಕಾಂತಪ್ಪ ಎಂಬ ಕಿರಾಣಿ ವ್ಯಾಪಾರಿ ಹೆಂಡತಿ ಗಂಗಾಂಬಿಕಾಳನ್ನು ಕರೆದುಕೊಂಡು ಬಂದ. ಆಕೆ ಯಾರನ್ನೂ ಕೇಳದೆ ನಡುಮನೆ ದಾಟಿ ನೇರ ಹೋಗಿ, ಫೋಟೊದಲ್ಲಿ ಬೇವಿನ ಟೊಂಗೆ ಗಾಳಿಗೆ ಬಾಗಿದ್ದ ಹಿತ್ತಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಗಾಳಿ ಖರೇನ ಐತ್ರಿ!" ಎಂದು ಅಲ್ಲಿಂದಲೇ ಗಂಡನಿಗೆ ಕೂಗಿದಳು.

ಏಕಾಂತಪ್ಪ ಅಡುಗೆಮನೆಯ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಎಷ್ಟೋ ಮನಿ ಫೋಟೊ ನೋಡೀನ್ರಿ. ಎಲ್ಲಾ ಅರಮನಿನ, ಹೋಗಿ ನೋಡಿದ್ರ ಒಳಗ ಬ್ಯಾರೇನ. ಸೋರಾದು ತೋರ್ಸಿದೋರು ನೀವೊಬ್ರ. ಅದಕ ಉಳಿದ ಫೋಟೊನೂ ನಂಬಿ ಬಂದ್ವಿ." ಚಾ ಕುಡಿಯುವಷ್ಟರಲ್ಲಿ ಮಾತು ಕುದುರಿತು. ಮೂಲೆ ರಿಪೇರಿಯ ಖರ್ಚು ಬಿಟ್ಟುಕೊಡುವುದಾಗಿ ಕಾಂತೇಶನೇ ಬಾಯ್ಬಿಟ್ಟು ಹೇಳಿದ.

ಸುದ್ದಿ ಹೇಳಲು ಮಂಜಮ್ಮ ಸಂಜೆ ಸ್ಟುಡಿಯೊಗೆ ಹೋದಳು. ಅಲ್ಲಿ ಒಂದು ಕೂಸು ಹಟ ಹಿಡಿದು ಅಳುತ್ತಿತ್ತು, ಅದರ ತಾಯಿ ಗಿಲಕಿ ಆಡಿಸಿ ಸೋತಿದ್ದಳು.

"ಮನಿ ಹೋತವ್ವ, ಪುಷ್ಪಲತಾ. ನಿನ್ನಿಂದ," ಎಂದಳು ಮಂಜಮ್ಮ.

"ಚಲೋ ಆತ್ರಿ ಅಕ್ಕಾರ. ಕುಂದರ್ರಿ," ಎಂದ ಪುಷ್ಪಲತಾಳ ಕಣ್ಣು ಕೂಸಿನ ಮೇಲಿಂದ ಸರಿಯಲಿಲ್ಲ. "ಆಡಸ್ಬ್ಯಾಡ್ರಿ ಅವ್ವಾರ, ಬಿಡ್ರಿ. ಅಳಲಿ. ತಾನ ಸುಮ್ನಾಕೈತಿ," ಎಂದು ತಾಯಿಗೆ ಹೇಳಿ ನೆಲದ ಮೇಲೆ ಮಂಡಿಯೂರಿದಳು.

ರಾತ್ರಿ ಊಟದ ಹೊತ್ತಿಗೆ ಖಾನಾವಳಿ ಸೇರಲು ಅವಳು ಹಿಡಿಯಬೇಕಿದ್ದ ಕಾನಹೊಸಹಳ್ಳಿಯ ಬಸ್ಸು ಹೊರಗೆ ಹಾರ್ನ್ ಹೊಡೆಯಿತು. ಮಂಜಮ್ಮ ಏಳಲಿಲ್ಲ. ಪುಷ್ಪಲತಾ ಕಾಯುವುದನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕೆನಿಸಿ, ಗೋಡೆಗೆ ಒರಗಿ ಕುಳಿತಳು.